ನೆಲಕ್ಕೆ ಕಿವಿಗೊಟ್ಟವರು

ಅವತ್ತು ನಮ್ಮ ಅಡುಗೆಮನೆಯಲ್ಲಿ ನಡೆದದ್ದು ನಾನು ಹೇಳುವ ಹಾಗೆಯೇ ನಡೆಯಿತೋ ಇಲ್ಲವೋ, ನನಗೆ ಖಾತ್ರಿಯಿಲ್ಲ. "ಇಲ್ಲೇ" ಎಂದು ಮೊದಲು ಹೇಳಿದ್ದು ನೀರು ಬಿಡುವವರೋ, ನಮ್ಮ ಅವ್ವನೋ? ಬೀದಿಯ ನಲ್ಲಿಗಳೆಲ್ಲ ನಿಂತದ್ದು ಐದು ನಿಮಿಷವೋ, ಒಂದೇ ನಿಮಿಷವೋ? ನೆಲವನ್ನು ಒಂದು ಕಡೆ ಒಡೆದರೋ, ಮೂರು ಕಡೆಯೋ? ಭೌತಶಾಸ್ತ್ರ ಓದಿ, ಅದನ್ನೇ ಪಾಠ ಹೇಳಿಕೊಂಡು ಬದುಕಿದವನು ನಾನು. ಅಳತೆಗೆ ಸಿಗದ ಮಾತನ್ನು ನಂಬುವ ಅಭ್ಯಾಸ ಇಲ್ಲ. ಸುಮಾರು ಮೂವತ್ತು ವರ್ಷದ ಹಿಂದಿನ ಈ ನೆನಪಿಗಾದರೋ ಯಾವ ಅಳತೆಯೂ ಇರಲಿಲ್ಲ...

ಅದು ಎದ್ದು ಬಂದದ್ದು ಒಂದು ವಾಸನೆಯಿಂದ. ಹೋದ ತಿಂಗಳು ಹಾಸನದ ನಮ್ಮ ಮನೆಯಲ್ಲಿ ಅಡುಗೆಮನೆ ಗೋಡೆಯೊಳಗಿನ ಪೈಪು ಬಿರಿಯಿತು. ಹನ್ನೊಂದು ದಿನ ಹಿತ್ತಿಲಲ್ಲಿ ಪಾತ್ರೆ, ಟಿವಿ ಮುಂದೆ ಒಗ್ಗರಣೆ. ಸಾಸಿವೆ ಡಬ್ಬಿ ಎಲ್ಲಿದೆ ಎನ್ನುವುದಕ್ಕೆ ನನಗೂ ಹೆಂಡತಿಗೂ ದಿನಕ್ಕೆ ಎರಡು ಸಲ ಜಗಳ. ಕೊನೆಗೆ ಸಾಲಗಾಮೆ ಕಡೆಯಿಂದ ಬಂದ ಪ್ಲಂಬರ್ ಗೋಡೆ ಬಿಡಿಸಿ, ಹಳೆಯ ಕಬ್ಬಿಣದ ಪೈಪಿನ ತುದಿಗೆ ಸೆಣಬಿನ ನಾರು ಸುತ್ತಿ, ಮೇಲೆ ಎಣ್ಣೆಬಣ್ಣ ಸವರಿದ. ಒದ್ದೆ ಸಿಮೆಂಟು, ಸೆಣಬು, ಬಣ್ಣ ಮೂರೂ ಸೇರಿದ ಆ ವಾಸನೆ ಮೂಗಿಗೆ ತಾಗಿತು. ಆ ಕ್ಷಣಕ್ಕೆ ನಾನು ಹೊಳೆನರಸೀಪುರದ ನಮ್ಮ ಹಳೆಯ ಮನೆಯಲ್ಲಿ, ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದೆ.

ಆಗ ನಮ್ಮ ಬೀದಿಗೆ ನೀರು ಬಿಡುತ್ತಿದ್ದವರು ಪುರಸಭೆಯ ಒಬ್ಬ ನೌಕರರು. ಎಲ್ಲರ ಬಾಯಲ್ಲೂ ನೀರಣ್ಣ. ಖಾಕಿ ಅಂಗಿ, ಸೈಕಲ್ಲು, ಸೈಕಲ್ಲಿನ ಉದ್ದಕ್ಕೂ ಕಟ್ಟಿದ ಎದೆಮಟ್ಟದ ಕಬ್ಬಿಣದ ಕೀಲಿ. ಕೀಲಿಯೆಂದರೆ ಮೇಲೆ ಅಡ್ಡ ಹಿಡಿಯಿರುವ ಒಂದು ಸರಳು, ಅಷ್ಟೆ. ಬೀದಿ ಮೂಲೆಯ ಗುಂಡಿಯ ಮುಚ್ಚಳ ತೆಗೆದು, ಸರಳನ್ನು ಒಳಕ್ಕಿಳಿಸಿ ತಿರುಗಿಸಿದರೆ ನಮ್ಮ ನಲ್ಲಿಗಳು ಕೆಮ್ಮಿ, ಗಾಳಿ ಉಗುಳಿ, ಆಮೇಲೆ ನೀರು ಸುರಿಸುತ್ತಿದ್ದವು. ದಿನ ಬಿಟ್ಟು ದಿನ, ಬೆಳಿಗ್ಗೆ ಒಂದು ಗಂಟೆ ಹೊತ್ತು.

ಅವ್ವನಿಗೆ ಆಗ ಎರಡೂ ಕಣ್ಣು ಹೋಗಿ ಆರು ವರ್ಷವಾಗಿತ್ತು. ಅಪ್ಪ ನಾನು ಚಿಕ್ಕವನಿದ್ದಾಗಲೇ ಇಲ್ಲವಾಗಿದ್ದರು, ತಂಗಿಯನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದೆವು. ನಾನು ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ ಬಂದು ಊರಿನ ಕಾಲೇಜಿನಲ್ಲಿ ಹೊಸದಾಗಿ ಪಾಠಕ್ಕೆ ಸೇರಿದ್ದೆ. ಹಾಗಾಗಿ ಮನೆಯಲ್ಲಿ ಇಬ್ಬರೇ. ಆದರೆ ಮನೆ ನಡೆಸುತ್ತಿದ್ದವಳು ಅವ್ವನೇ. ಮಂಚದಿಂದ ಬಾಗಿಲಿಗೆ ಆರು ಹೆಜ್ಜೆ, ಎಡಗೈ ಗೋಡೆಗೆ ತಾಗಿಸಿಕೊಂಡು ಇನ್ನು ಒಂಬತ್ತು, ಹೊಸ್ತಿಲು, ಅಲ್ಲಿಂದ ಸ್ವಲ್ಪ ತಡವಿಕೊಂಡು ಒಲೆ. ಹಾಲು ಉಕ್ಕುವ ಮೊದಲಿನ ಸದ್ದು ಅವಳಿಗೆ ಗೊತ್ತಿತ್ತು. ನನ್ನ ಕಾಫಿ ಒಂದು ದಿನವೂ ಸೀಯಲಿಲ್ಲ. ಕಾಫಿ ಆದ ಮೇಲೆ ಬೀದಿ ಕಿಟಕಿಗೆ ಬಂದು, ಒಂದು ಲೋಟ ಹೊರಗೆ ನೀಡಿ, "ನೀರಣ್ಣ, ಇವತ್ತಾದ್ರೂ ಜೋರಾಗ್ ಬತ್ತದೇನಪ್ಪಾ?" ಎಂದು ಕೇಳಿದರೆ ಅವಳ ದಿನ ಶುರುವಾಯಿತು ಅಂತ ಲೆಕ್ಕ.

ಆ ಸಲ ಅಡುಗೆಮನೆ ನೆಲದಡಿಯ ಪೈಪು ತೂತಾಯಿತು. ಕೆಂಪು ಸಿಮೆಂಟಿನ ನೆಲ ಮೊದಲು ಬೆವರಿತು, ಆಮೇಲೆ ಬಿಳಿ ಪುಡಿ ಎದ್ದಿತು, ಗೋಡೆ ಸೊಂಟದೆತ್ತರಕ್ಕೆ ನೆಂದುಹೋಯಿತು. ಒಲೆ, ಸಿಲಿಂಡರು, ಡಬ್ಬಿಗಳೆಲ್ಲ ಪಡಸಾಲೆಗೆ ಬಂದವು. ಅವ್ವನ ಎಣಿಕೆ ತಪ್ಪಿತು. ಹೊಸ ಜಾಗದಲ್ಲಿಟ್ಟ ಮೇಜಿಗೆ ಎರಡು ಸಲ ಮಂಡಿ ತಾಗಿಸಿಕೊಂಡಳು, ಒಮ್ಮೆ ಬಿಸಿ ಪಾತ್ರೆಗೆ ಕೈಯಿಟ್ಟಳು. ಆಮೇಲೆ ಮಂಚ ಬಿಟ್ಟು ಏಳುವುದನ್ನೇ ನಿಲ್ಲಿಸಿದಳು. ನಾನು ಮಾಡಿದ ಕಾಫಿ ಕುಡಿದು ಒಂದು ದಿನ ಹೇಳಿದಳು, "ಈ ಮನೆಗೆ ನಾನು ನೆಂಟಳಾಗ್ಬುಟ್ಟೆ ಕಣಪ್ಪ."

ಗಾರೆ ಕೆಲಸದವರು ಬಂದು ನೋಡಿ, ನೆಲವನ್ನು ಪೂರ್ತಿ ಕಿತ್ತು ಹೊಸ ಪೈಪು ಎಳೆದು ಟೈಲ್ಸ್ ಹಾಕಬೇಕು, ಒಂದು ತಿಂಗಳ ಕೆಲಸ ಎಂದರು. ಒಲೆಕಟ್ಟೆಯೂ ಜಾಗ ಬದಲಿಸಬೇಕಾಗುತ್ತದೆ ಎಂದರು. "ಟೈಲ್ಸು ನುಣ್ಣಗಿರ್ತದೆ ಕಣವ್ವ, ಗುಡ್ಸಕ್ಕೆ ಸುಖ" ಎಂದು ಅವ್ವನನ್ನು ಒಪ್ಪಿಸಲು ನೋಡಿದರು.

"ಎಲ್ಲಾ ಕಡೀಕೂ ನುಣ್ಣಗಿದ್ರೆ ನಾನೆಲ್ಲಿದೀನಿ ಅಂತ ನನ್ ಕಾಲ್ಗೆ ಎಂಗ್ ಗೊತ್ತಾಯ್ತದೆ?" ಎಂದಳು ಅವ್ವ. ಅವರು ನಕ್ಕರು. ನಾನು ನಗಲಿಲ್ಲ, ಆದರೆ ಒಪ್ಪಿಕೊಂಡೆ. ಬೇರೆ ದಾರಿ ಕಾಣಲಿಲ್ಲ. ಒಂದು ತಿಂಗಳು ಮಂಚದಲ್ಲೇ ಕೂತವಳು ಆಮೇಲೆ ಆ ಹೊಸ ನೆಲದ ಮೇಲೆ ಎದ್ದು ನಡೆಯುತ್ತಾಳೆಂದು ನನಗೆ ನಂಬಿಕೆ ಇರಲಿಲ್ಲ. ಅವಳಿಗೂ ಇರಲಿಲ್ಲ.

ಕೆಲಸ ಶುರುವಾಗುವ ಹಿಂದಿನ ದಿನ ನೀರಣ್ಣ ನಮ್ಮ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿದರು.

"ಏನ್ ಮೇಷ್ಟ್ರೇ, ಅಕ್ಕ ಊರಲ್ಲಿಲ್ವಾ? ಹತ್ತನ್ನೆಲ್ಡು ದಿನಾಯ್ತು, ಕಿಟಕೀಲಿ ದನೀನೇ ಇಲ್ಲ."

ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನೀರು ಬಂದಾಗ ಏನ್ ಮಾಡ್ತೀರಿ?" ಎಂದರು.

"ಒಳಗಿನ ಲೈನು ಬಂದ್ ಮಾಡಿ, ಅಂಗಳದ ನಲ್ಲಿಯಲ್ಲೇ ಹಿಡೀತೀನಿ. ಇಷ್ಟು ದಿನ ಒಂದು ತೊಟ್ಟೂ ಒಳಕ್ಕೆ ಬಿಟ್ಟಿಲ್ಲ" ಎಂದೆ. ಸ್ವಲ್ಪ ಜಂಬವೇ ಇತ್ತು.

ಅವರು ತಲೆ ಚಚ್ಚಿಕೊಂಡರು. "ಅಯ್ಯೋ ಮೇಷ್ಟ್ರೇ! ಬಾಯ್ ಕಟ್ಟಾಕ್ಬುಟ್ಟು ಎಲ್ ನೋಯ್ತದೆ ಅಂತ ಕೇಳಿದ್ರೆ ಯಾರಾದ್ರೂ ಏಳ್ತಾರಾ? ಬುಡ್ಬೇಕು. ಬುಟ್ಟು ಕೇಳುಸ್ಕಬೇಕು."

ಸದ್ದು ಕೇಳಿ ತೂತು ಹುಡುಕುವುದು ಅಂದಾಜಿನ ಆಟ, ನೆಲದಡಿ ನೀರು ಒಂದು ಕಡೆ ಸೋರಿ ಇನ್ನೊಂದು ಕಡೆ ಮೇಲೇಳುತ್ತದೆ ಎಂದೆಲ್ಲ ನಾನು ವಾದಿಸಿದೆ. ಅವರು ವಾದಕ್ಕೆ ಬರಲಿಲ್ಲ. "ಗಾರೆಯೋರು ಬರಾದು ಒಂಬತ್ತಕ್ಕೆ. ನೀರ್ ಬುಡಾದು ಆರೂವರೆಗೆ. ನಾಳೆ ನಿಮ್ ಬೀದಿ ಸರದಿನೇ ಐತೆ. ಬತ್ತೀನಿ" ಎಂದು ಹೊರಟುಹೋದರು.

ಮರುದಿನ ಬೆಳಿಗ್ಗೆ ಅವರು ಮೂಲೆಯ ಗುಂಡಿಯಲ್ಲಿ ಕೀಲಿ ತಿರುಗಿಸಿ, ನೇರ ನಮ್ಮ ಮನೆಗೆ ಬರಲಿಲ್ಲ. ಬೀದಿಯ ಒಂದೊಂದೇ ಮನೆ ಮುಂದೆ ನಿಂತು, ನಲ್ಲಿ ಸ್ವಲ್ಪ ಹೊತ್ತು ಮುಚ್ಚಿ ಎಂದು ಹೇಳುತ್ತಾ ಬಂದರು. ಅಕ್ಕಪಕ್ಕ ನೀರು ಹರಿಯುತ್ತಿದ್ದರೆ ಪೈಪಿನ ತುಂಬ ಆ ಸದ್ದೇ ಇರುತ್ತದಂತೆ. ಕೊಡ, ಬಕೆಟ್ಟು, ಡ್ರಮ್ಮು ಸಾಲಾಗಿಟ್ಟುಕೊಂಡು ಕಾಯುತ್ತಿದ್ದ ಹೆಂಗಸರಿಗೆ ಈ ಮಾತು ಹೇಳಲು ಎಂಥ ಧೈರ್ಯ ಬೇಕು ಎಂದು, ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಇದ್ದವರಿಗೆ ಗೊತ್ತು.

"ಬರಾದೇ ಒಂದು ಗಂಟೆ. ಅದ್ರಾಗೂ ನಿಂದೊಂದು ಮೌನವ್ರತನಾ ನೀರಣ್ಣಾ?" ಎದುರುಮನೆಯಾಕೆ ಕೊಡ ಸೊಂಟಕ್ಕಿಟ್ಟುಕೊಂಡೇ ಕೂಗಿದರು.

"ಅಕ್ಕನ್ ಮನೆ ನೆಲ ಏನೋ ಏಳ್ತೈತೆ, ಕೇಳುಸ್ಕಬೇಕು. ನೀವು ಬಾಯ್ ಮುಚ್ಚಕ್ಕಾಗ್ದಿದ್ರೂ ನಲ್ಲಿ ಮುಚ್ಚಿ ತಾಯಿ. ಕಡೇಲಿ ಐದು ನಿಮ್ಷ ಜಾಸ್ತಿ ಬುಡ್ತೀನಿ."

ನಗು ಎದ್ದಿತು. ಆಮೇಲೆ ಒಂದೊಂದೇ ನಲ್ಲಿ ನಿಂತಿತು.

ಅವರು ಚಪ್ಪಲಿ ಬಿಟ್ಟು, ಕೀಲಿ, ಚಾಣ, ಸುತ್ತಿಗೆ ಹಿಡಿದು ಒಳಗೆ ಬಂದರು. ಅಡುಗೆಮನೆ ಹೊಸ್ತಿಲಲ್ಲಿ ಕಾಲು ನಿಂತಿತು. ನನಗೆ ಏನೂ ಹೊಳೆಯಲಿಲ್ಲ. ಮಂಚದ ಮೇಲಿದ್ದ ಅವ್ವನಿಗೆ ಹೆಜ್ಜೆ ನಿಂತದ್ದು ಕೇಳಿಸಿತು.

"ಯಾಕಪ್ಪಾ ನಿಂತ್ಕಂಡೆ? ಒಳೀಕ್ ಓಗು. ನಿನ್ ಮನೆ ಅನ್ಕೋ."

ಇಷ್ಟು ವರ್ಷ ನಮಗೆ ನೀರು ಬಿಟ್ಟ ಮನುಷ್ಯ ಒಂದು ದಿನವೂ ಗೇಟು ದಾಟಿದ್ದನ್ನು ನಾನು ನೋಡಿರಲಿಲ್ಲ ಎಂಬುದು ಆಗ ನನಗೆ ಗೊತ್ತಾಯಿತು. ಯಾಕೆ ದಾಟಿರಲಿಲ್ಲ ಎಂದು ಊರಿನಲ್ಲಿ ಬೆಳೆದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟು ಓದಿಯೂ ಅದನ್ನು ಗಮನಿಸದವನು ನಾನೊಬ್ಬನೇ.

ಅವರು ಸರಳಿನ ತುದಿಯನ್ನು ನೆಲಕ್ಕೆ ಊರಿ, ಮೇಲಿನ ಹಿಡಿಗೆ ಕಿವಿ ಒತ್ತಿ ನಿಂತರು. ನನಗೆ ಸನ್ನೆ ಮಾಡಿದರು. ನಾನು ಒಳಗಿನ ಲೈನು ತೆರೆದೆ. ಬೀದಿ ಸುಮ್ಮನಿತ್ತು. ಅಷ್ಟೊಂದು ಜನ, ಅಷ್ಟೊಂದು ಕೊಡ, ಒಂದು ತಟ್ಟಿದ ಸದ್ದೂ ಇಲ್ಲ... ಹೀಗೆ ನನ್ನ ನೆನಪು ಹೇಳುತ್ತದೆ. ಒಂದು ನಾಯಿಯೂ ಬೊಗಳಲಿಲ್ಲವೇ? ಬೊಗಳಿರಬೇಕು. ನಮ್ಮ ಅವ್ವ ಮತ್ತೆ ಎದ್ದು ನಡೆಯಲಿ ಎಂದು ಇಡೀ ಬೀದಿ ನೀರು ಬಿಟ್ಟುಕೊಟ್ಟು ಉಸಿರು ಹಿಡಿದು ನಿಂತಿತ್ತು ಎಂದು ನನಗೆ ಅವತ್ತು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಸರಳು ಒಂದು ಗೇಣು ಸರಿಯಿತು, ಇನ್ನೊಂದು ಗೇಣು ಸರಿಯಿತು. ನೀರಣ್ಣ ಕಣ್ಣು ಮುಚ್ಚಿಕೊಂಡಿದ್ದರು. ಎರಡು ಜಾಗದ ನಡುವೆ ಓಡಾಡಿ ಅನುಮಾನದಲ್ಲಿ ನಿಂತರು. ಆಮೇಲೆ ಹೊರಗೆ ಹೋಗಿ ಅವ್ವನ ಕೈ ಹಿಡಿದು ಕರೆತಂದರು.

"ಅಕ್ಕಾ, ನಿನ್ ಕಿವಿ ನನ್ಗಿಂತ ಚುರುಕು. ವಸಿ ಕೇಳು."

ಹನ್ನೆರಡು ದಿನದ ಮೇಲೆ ಅವ್ವ ಅಡುಗೆಮನೆಗೆ ಕಾಲಿಟ್ಟಳು. ಕಬ್ಬಿಣದ ಹಿಡಿಗೆ ಕೆನ್ನೆ ಕೊಟ್ಟಳು. ಅವರು ಬಗ್ಗಿ ನೆಲಕ್ಕೆ ಕಿವಿಯಿಟ್ಟರು. ನಾನು ಎರಡು ಮಾರು ದೂರದಲ್ಲಿ, ಏನೂ ಕೇಳಿಸದೆ ನಿಂತಿದ್ದೆ. "ಇಲ್ಲೇ" ಎಂಬ ಮಾತು ಬಂತು. ಯಾರ ಬಾಯಿಂದ ಎಂದು ಎಷ್ಟು ಯೋಚಿಸಿದರೂ ಸಿಗುತ್ತಿಲ್ಲ. ಅವ್ವ ಕಾಲಿನ ಹೆಬ್ಬೆರಳಿನಿಂದ ನೆಲ ಮುಟ್ಟಿ ತೋರಿಸಿದ್ದು ಮಾತ್ರ ಕಣ್ಣಿಗೆ ಕಟ್ಟಿದೆ.

ಚಾಣದ ಏಟು ಬಿತ್ತು. ಎರಡು, ಮೂರು, ನಾಲ್ಕು. ಕೆಂಪು ಚೂರು ಹಾರಿತು, ಮಣ್ಣು ಬಂತು, ಮಣ್ಣಿನಡಿಯಿಂದ ಸೂಜಿಯಷ್ಟು ಸಣ್ಣ ಧಾರೆ ನೇರ ನೀರಣ್ಣನ ಅಂಗಿಗೆ ಚಿಮ್ಮಿತು.

"ಸಿಕ್ತಾ?" ಅವ್ವ ಕೇಳಿದಳು.

"ಸಿಕ್ತು ಕಣಕ್ಕ. ನನ್ಗೇ ಸ್ನಾನ ಮಾಡುಸ್ತೈತೆ."

ನಾನು ಬಾಗಿಲಿಗೆ ಓಡಿ ಸಿಕ್ಕಿತೆಂದು ಕೂಗಿದೆ. ಬೀದಿಯ ನಲ್ಲಿಗಳೆಲ್ಲ ಒಟ್ಟಿಗೆ ತೆರೆದವು. ಖಾಲಿ ಕೊಡಗಳಿಗೆ ನೀರು ಬಿದ್ದ ಆ ಸದ್ದು... ಕಬ್ಬಿಣದಲ್ಲಿ ಶಬ್ದ ಗಾಳಿಗಿಂತ ಎಷ್ಟು ಪಟ್ಟು ವೇಗವಾಗಿ ಸಾಗುತ್ತದೆ ಎಂದು ಆ ವರ್ಷವೂ ಪಾಠ ಮಾಡಿದೆ, ಆಮೇಲಿನ ಎಲ್ಲ ವರ್ಷಗಳಲ್ಲೂ ಮಾಡಿದೆ. ವಿವರಣೆ ಸರಿಯಾಗಿಯೇ ಇದೆ. ಅವತ್ತಿನ ಬೆರಗು ಅದರಿಂದ ಒಂದು ಚೂರೂ ಕಡಿಮೆಯಾಗಿಲ್ಲ.

ಅವರೇ ಆ ತುಂಡನ್ನು ಕತ್ತರಿಸಿ, ಸೆಣಬು ಸುತ್ತಿ, ಬಣ್ಣ ಸವರಿ ಹೊಸ ತುಂಡು ಕೂರಿಸಿದರು. ಒಂಬತ್ತಕ್ಕೆ ಬಂದ ಗಾರೆಯವರು ಗುಂಡಿ ನೋಡಿ, "ಒಂದು ಗೇಣಿಗೆ ನಾವ್ಯಾಕ್ ಸಾ ಬರ್ಬೇಕಿತ್ತು?" ಎಂದು ಮುಖ ಊದಿಸಿಕೊಂಡು ಹೋದರು. ಸಂಜೆ ನೀರಣ್ಣ ಕೆಂಪು ಸಿಮೆಂಟು ಕಲೆಸಿ ತಂದು ತೇಪೆ ಹಾಕಿದರು.

"ನುಣ್ಣಗೆ ಉಜ್ಲಾ ಅಕ್ಕ?"

"ಬ್ಯಾಡ. ವಸಿ ಒರಟಾಗೇ ಇರ್ಲಿ. ಕಾಲ್ಗೆ ಗೊತ್ತಾಗ್ಲಿ."

ಅವರು ಪೊರಕೆಕಡ್ಡಿಯಿಂದ ಅದರ ಮೇಲೆ ಗೆರೆ ಎಳೆದರು. ಗೋಡೆ ಒಣಗಲಿ, ಆಮೇಲೆ ಒಲೆ ಒಳಗಿಡೋಣ ಎಂದು ನಾನು ಹೇಳಿದಾಗ ಕೈಯಾಡಿಸಿಬಿಟ್ಟರು. "ಗೋಡೆ ಒಣಗಾದು ಒಲೆ ಉರುದ್ರೆ ಮೇಷ್ಟ್ರೇ. ತೇಪೆ ಕಚ್ಕಂಡ್ ತಕ್ಷಣ ಇಡಿ."

ಮೂರನೆಯ ದಿನ ಒಲೆ ತನ್ನ ಜಾಗಕ್ಕೆ ಹೋಯಿತು, ಡಬ್ಬಿಗಳು ಅವ್ವ ಹೇಳಿದ ಸಾಲಿನಲ್ಲೇ ಕೂತವು. ನಾಲ್ಕನೆಯ ಬೆಳಿಗ್ಗೆ ನಾನು ಎಚ್ಚರಾದದ್ದು ಪಾತ್ರೆಯ ಸದ್ದಿಗೆ. ಅವ್ವ ಗೋಡೆ ಹಿಡಿದು ಬಂದವಳು ಹೊಸ್ತಿಲು ದಾಟಿ, ಕಾಲಲ್ಲಿ ತೇಪೆ ತಡವಿ, ಅಲ್ಲಿಂದ ಗೋಡೆ ಬಿಟ್ಟು ಎರಡೇ ಹೆಜ್ಜೆಗೆ ಒಲೆ ಮುಟ್ಟಿದಳು. ಮುಂಚೆ ಅಲ್ಲಿ ಅವಳಿಗೆ ಗುರುತಿರಲಿಲ್ಲ, ತಡವರಿಸುತ್ತಿದ್ದಳು. ಈಗ ಆ ತೇಪೆಯೇ ಗುರುತು. ಮೊದಲ ಲೋಟ ಕಾಫಿ ಕಿಟಕಿಯಿಂದ ಹೊರಗೆ ಹೋಗಲಿಲ್ಲ. ಅವ್ವ ನೀರಣ್ಣನನ್ನು ಒಳಗೆ ಕರೆದಳು. ಅವರು ಅಡುಗೆಮನೆಯಲ್ಲಿ ನಿಂತೇ ಕುಡಿದು, "ಸಕ್ರೆ ಜಾಸ್ತಿ ಆಯ್ತು ಕಣಕ್ಕ" ಎಂದರು. ಆಮೇಲೆ ಎಷ್ಟೋ ವರ್ಷ ಆ ಬೀದಿಯ ಸರದಿ ದಿನಗಳಲ್ಲಿ ಆ ಲೋಟ ತಪ್ಪಲಿಲ್ಲ. ಸಕ್ಕರೆಯೂ ಕಡಿಮೆಯಾಗಲಿಲ್ಲ.

ನನಗೆ ಹಾಸನಕ್ಕೆ ವರ್ಗವಾಗಿ, ಅವ್ವ ತೀರಿಕೊಂಡ ಮೇಲೆ ಆ ಮನೆ ಮಾರಿದೆವು. ನೀರಣ್ಣ ಇನ್ನಿಲ್ಲ ಎಂದು ನನಗೆ ತಿಳಿದದ್ದು ಅವರು ಹೋಗಿ ಎಂಟು ತಿಂಗಳಾದ ಮೇಲೆ, ಬಸ್ಸಿನಲ್ಲಿ ಸಿಕ್ಕ ಯಾರದೋ ಮಾತಿನ ನಡುವೆ. ಆ ಕಿವಿಯನ್ನು ಎಲ್ಲಿ ಕಲಿತಿರಿ ಎಂದು ನಾನು ಒಂದು ಸಲವೂ ಕೇಳಲಿಲ್ಲ. ಪ್ರಶ್ನೆ ಕೇಳುವುದೇ ವಿದ್ಯೆ ಎಂದು ಹುಡುಗರಿಗೆ ಹೇಳಿಕೊಂಡು ಬಂದವನು...

ಹೋದ ವಾರ ತಂಗಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ ಅವಳು ನಕ್ಕಳು. "ಒಂದು ಕಡೆ ಅಲ್ಲ ಕಣಣ್ಣ, ಮೂರು ಕಡೆ ಒಡೆದಿದ್ರು. ಆ ವಾರವೇ ನಾನು ಬಂದಿದ್ದೆನಲ್ಲ, ನೋಡಿದೀನಿ. ನೀನು ವರ್ಷ ವರ್ಷ ಅದನ್ನ ಉಜ್ಜಿ ಉಜ್ಜಿ ನುಣ್ಣಗೆ ಮಾಡ್ಕೊಂಡಿದೀಯ."

ಆ ಮಾತು ಚುಚ್ಚಿತು. ನನ್ನ ಬಗ್ಗೆ ನನಗೇ ಇದ್ದ ಅನುಮಾನ ಅದು.

ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ಮನೆಯಲ್ಲಿ ಈಗ ರಾಮನಾಥಪುರದ ಕಡೆಯ ಕುಟುಂಬವಿದೆ. ಹಿಂದೆ ಈ ಮನೆಯಲ್ಲಿ ಇದ್ದವನು, ಅಡುಗೆಮನೆ ನೆಲ ಒಂದು ಸಲ ನೋಡಬೇಕು ಎಂದಾಗ ಮನೆಯಾಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೆಲಾನಾ? ಅದ್ರಲ್ಲೇನೈತೆ ಸಾ? ಬರೋ ತಿಂಗ್ಳು ಟೈಲ್ಸ್ ಹಾಕುಸ್ತಾ ಇದೀವಿ" ಎನ್ನುತ್ತಲೇ ದಾರಿ ಬಿಟ್ಟರು. ನಾನು ಚಪ್ಪಲಿ ಬಿಟ್ಟು, ಒಲೆಯ ಹತ್ತಿರ, ಬಚ್ಚಲ ಗೋಡೆಯ ಬುಡದಲ್ಲಿ, ಮೂಲೆ ಮೂಲೆಯಲ್ಲಿ ಮಂಡಿಯೂರಿ ಕೈಯಾಡಿಸಿದೆ. ಕೆಂಪು ನೆಲ ಎಲ್ಲ ಕಡೆ ನುಣ್ಣಗಿತ್ತು, ಒಂದು ಜಾಗ ಬಿಟ್ಟು. ಅಲ್ಲಿ ಪೊರಕೆಕಡ್ಡಿಯ ಗೆರೆಗಳು ಸವೆದಿದ್ದರೂ ಬೆರಳಿಗೆ ಸಿಕ್ಕವು. ಹೆಬ್ಬೆರಳು, ಕಿರುಬೆರಳು ಚಾಚಿ ಅಳೆದೆ.

ತೇಪೆ ಒಂದೇ. ಅಗಲ ಒಂದು ಗೇಣು.