ಗ್ರಹಣದ ದಿನದ ಮಾತ್ರೆ

ನನ್ನ ಮೊಮ್ಮಗಳಿಗೆ ಮೊದಲ ಸಲ ಫಿಟ್ಸ್ ಬಂದಾಗ ಅವಳು ಏಳನೇ ಕ್ಲಾಸು. ಶಾಲೆಯ ಪ್ರಾರ್ಥನೆಗೆ ನಿಂತಿದ್ದವಳು ಹಾಗೇ ಹಿಂದಕ್ಕೆ ಬಿದ್ದು ಕೈಕಾಲು ಬಡಿದುಕೊಂಡಳಂತೆ. ನಾನು ಓಡಿಹೋಗುವಷ್ಟರಲ್ಲಿ ಯಾರೋ ಅವಳ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕಿದ್ದರು, ನಾಲ್ಕು ಜನ ಅಮುಕಿ ಹಿಡಿದಿದ್ದರು. ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, “ಅಜ್ಜಿ, ಎಲ್ರೂ ಯಾಕೆ ನನ್ನೇ ನೋಡ್ತವ್ರೆ?”

ಆವತ್ತಿನಿಂದ ಅವಳನ್ನು ನೋಡುವುದೇ ನಮ್ಮ ಮನೆಯ ಕೆಲಸವಾಯಿತು. ಕೊತ್ತಗೆರೆ ಹೋಬಳಿಯ ನಮ್ಮ ಊರಿನಿಂದ ತುಮಕೂರಿನ ಬಟವಾಡಿಗೆ, ಅಲ್ಲೊಬ್ಬ ನರದ ಡಾಕ್ಟರ ಹತ್ತಿರ ಹೋದೆವು. ತಲೆಗೆ ವೈರು ಅಂಟಿಸಿ ತೆಗೆಯುವ ಪರೀಕ್ಷೆ ಇದೆ ಎಂದಿದ್ದರು. ಪಟ್ಟಣಕ್ಕೆ ಹೊರಟ ಮಗು ಕೆದರಿದ ತಲೆಯಲ್ಲಿ ಹೋಗುವುದೇ? ನಮ್ಮ ತೋಟದ ಕೊಬ್ಬರಿ ಎಣ್ಣೆಯನ್ನು ನೆತ್ತಿಗೆ ಸುರಿದು, ತಟ್ಟಿ, ಬಿಗಿಯಾಗಿ ಎರಡು ಜಡೆ ಹಾಕಿದ್ದೆ. ಪರೀಕ್ಷೆ ಮಾಡುವ ಹುಡುಗಿ ತಲೆ ಮುಟ್ಟಿ, “ಅಜ್ಜಿ, ಎಣ್ಣೇಲಿ ವೈರು ನಿಲ್ಲಲ್ಲ. ತಲೆ ತೊಳ್ಕೊಂಡು ನಾಳೆ ಬನ್ನಿ” ಎಂದಳು.

ಡಾಕ್ಟರು ಬಿಡಿಸಿ ಹೇಳಿದರು. ಮೆದುಳಿನಲ್ಲಿ ಸಣ್ಣ ಕರೆಂಟು ಹರಿಯುತ್ತದಂತೆ. ಅದು ಒಮ್ಮೆಗೇ ಎದ್ದು ನುಗ್ಗಿದರೆ ಫಿಟ್ಸ್. ನಾಲ್ಕನೇ ಕ್ಲಾಸಿಗೆ ಬಿಟ್ಟ ನನಗೂ ತಿಳಿಯಿತು. ನಮ್ಮ ಬೋರಿನ ಮೋಟರಿನ ಫ್ಯೂಸು ಹಾಗೆ ಹಾರುವುದನ್ನು ಕಂಡವಳಲ್ಲವೇ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಅಮುಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ತನ್ನಿ ಎಂದರು.

“ಕಬ್ಬಿಣ ಸಾರ್?”

“ಕಬ್ಬಿಣ ಬಾಗ್ಲಿಗೆ ಇರ್ಲಿ ಅಜ್ಜಿ. ಇವಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ.”

ಮಾತ್ರೆ ಶುರುವಾದ ಮೇಲೆ ವರ್ಷದ ಹತ್ತಿರ ಏನೂ ಬರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಆಸೆ. ಎಸ್ಸೆಸ್ಸೆಲ್ಸಿ ಮುಗಿಸಿ, ಗೆಳತಿಯರ ಜೊತೆ ಕುಣಿಗಲ್ಲಿನಿಂದ ಬಸ್ಸು ಹತ್ತಿ ತುಮಕೂರಿನ ಕಾಲೇಜಿಗೆ ಹೋಗಬೇಕು, ಹಿಂದೆ ನಾವ್ಯಾರೂ ಇರಬಾರದು. “ಫಿಟ್ಸ್ ನಿಂತ್ರೆ ಕಳಿಸ್ತೀನಿ, ಇಲ್ದಿದ್ರೆ ಮನೇಲೇ ಇರು” ಎಂದು ಅವಳಮ್ಮ, ನನ್ನ ಸೊಸೆ, ಕಡ್ಡಿ ಮುರಿದಂತೆ ಹೇಳಿದ್ದಳು.

ಆಮೇಲೆ ಸೂರ್ಯಗ್ರಹಣ ಬಂತು. ಬೆಳಗಿನಿಂದಲೇ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನೀರಿನ ಕೊಡ, ಹಾಲು, ಉಪ್ಪಿನಕಾಯಿ ಜಾಡಿ ಎಲ್ಲದರ ಮೇಲೂ ಗರಿಕೆ ಹಾಕುತ್ತಾ ಹೋದ ಸೊಸೆ ಮಾತ್ರೆಯ ಡಬ್ಬಿಯ ಮೇಲೂ ಒಂದು ಎಳೆ ಇಟ್ಟಳು. ನೀರನ್ನೇ ಮುಟ್ಟದ ಹೊತ್ತಿನಲ್ಲಿ ಮಾತ್ರೆ ನುಂಗುವುದು ಹೇಗೆ? ಯಾರಿಗೂ ಅದು ಪ್ರಶ್ನೆಯೇ ಆಗಲಿಲ್ಲ. ಸಂಜೆ ಗ್ರಹಣ ಬಿಟ್ಟ ಮೇಲೆ ಸ್ನಾನಕ್ಕೆ ಹೋದ ಮಗು ಬಚ್ಚಲಲ್ಲಿ ಬಿದ್ದಳು. ಹುಬ್ಬು ಒಡೆಯಿತು.

“ಗ್ರಹಣ ಹಿಡೀತು ಬುಡು” ಎಂದರು ಬೀದಿಯವರು. ನಾವೂ ಹಾಗೇ ಅಂದುಕೊಂಡೆವು.

ಡಾಕ್ಟರು ಕೇಳಿದರು, “ಮಾತ್ರೆ ಏನಾದ್ರೂ ತಪ್ಪಿತ್ತಾ?”

“ಇಲ್ಲ ಸಾರ್, ಒಂದು ದಿನಾನೂ ತಪ್ಪಿಲ್ಲ” ಎಂದಳು ಸೊಸೆ. ಸುಳ್ಳಲ್ಲ. ಮರೆತರೆ ತಪ್ಪಿದಂತೆ. ಗ್ರಹಣಕ್ಕೆ ಬಿಟ್ಟದ್ದು ತಪ್ಪಿದ್ದು ಹೇಗಾಗುತ್ತದೆ, ಅದು ಆಚಾರದಂತೆ ನಡೆದುಕೊಂಡದ್ದು.

ಡಾಕ್ಟರು ಮಾತ್ರೆ ಹೆಚ್ಚು ಮಾಡಿದರು. ಅಲ್ಲಿಂದ ನಾನೂ ಮೊಮ್ಮಗಳೂ ಮನೆಯೊಳಗೇ ಬಂದಿಯಾದೆವು. ಒಲೆ ಬೇಡ, ಸಂಪಿನ ಹತ್ತಿರ ಬೇಡ, ಸೈಕಲ್ ಬೇಡ, ತಾರಸಿ ಬೇಡ. ಬಚ್ಚಲಿಗೆ ಚಿಲಕ ಹಾಕುವಂತಿಲ್ಲ, ಹೊರಗೆ ನಾನು ಮಣೆ ಹಾಕಿಕೊಂಡು ಕೂರಬೇಕು. “ಮಗಾ” ಅಂದರೆ ಒಳಗಿಂದ “ಹೂಂ” ಅನ್ನಬೇಕು. ಒಂದೊಂದು ಸಲ ಬೇಕೆಂದೇ ಸುಮ್ಮನಿರುತ್ತಿದ್ದಳು. ನಾನು ಗಾಬರಿಬಿದ್ದು ಬಾಗಿಲು ತಳ್ಳಿದರೆ ಮುಖದ ತುಂಬ ಸೋಪು ಮೆತ್ತಿಕೊಂಡು, “ಜೈಲಲ್ಲೂ ನೆಮ್ಮದಿಯಾಗಿ ಸ್ನಾನ ಮಾಡೋಕೆ ಬುಡ್ತಾರೆ ಕಣಜ್ಜಿ” ಎನ್ನುತ್ತಿದ್ದಳು. ಆ ತಮಾಷೆಯೂ ಬರಬರುತ್ತಾ ನಿಂತಿತು. ದೊಡ್ಡ ಮಾತ್ರೆಯ ಮಂಪರಿನಲ್ಲಿ ಪುಸ್ತಕದ ಮೇಲೇ ತಲೆ ಇಟ್ಟು ಮಲಗುತ್ತಿದ್ದಳು. ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಸೊಸೆಯ ತವರು. ಅಲ್ಲಿ ಅವಳ ತಂಗಿಯ ಮದುವೆ ಆದಾಗ ಅಜ್ಜಿ ಮೊಮ್ಮಗಳು ಮನೆಯಲ್ಲೇ ಉಳಿದು ಧಾರೆಯನ್ನು ಫೋನಿನಲ್ಲಿ ನೋಡಿದೆವು. ಅರ್ಧಕ್ಕೇ ಮಗು ಗೋಡೆ ಕಡೆ ತಿರುಗಿಕೊಂಡಳು. ಅವಳನ್ನು ಕಾಯಲು ನಾನು, ನಾನು ಹೊಸ್ತಿಲು ದಾಟದಂತೆ ಅವಳು. ಕಿಟಕಿಯಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು.

ಮತ್ತೆ ಒಂದು ಗ್ರಹಣ ಬರುವುದಿತ್ತು, ಈ ಸಲ ಚಂದ್ರನದು. ಬಟವಾಡಿಗೆ ಹೋದಾಗ, ಇದ್ದ ಬದ್ದ ಭಯವೆಲ್ಲ ಒತ್ತಿ ಬಂದು, ನಾನೇ ಕೇಳಿದೆ. “ಸಾರ್, ಮುಂದಿನ ವಾರ ಗ್ರಹಣ ಐತೆ. ಮಾತ್ರೆ ಎಷ್ಟೊತ್ತಿಂದ ನಿಲ್ಲಿಸ್ಬೇಕು?”

ಬರೆಯುತ್ತಿದ್ದ ಡಾಕ್ಟರು ತಲೆ ಎತ್ತಿದರು. “ಹೋದ ಗ್ರಹಣಕ್ಕೆ ನಿಲ್ಲಿಸಿದ್ರಾ?”

“ಗ್ರಹಣದಾಗೆ ಯಾರಾದ್ರೂ ತಿಂತಾರಾ ಸಾರ್?”

ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. “ಅವತ್ತು ಬಿದ್ದಿದ್ದು ಗ್ರಹಣದಿಂದ ಅಲ್ಲಮ್ಮ, ಮಾತ್ರೆ ಇಲ್ದೆ. ಹೊಟ್ಟೇನೂ ಖಾಲಿ ಇತ್ತು. ಹಬ್ಬ ಇರ್ಲಿ, ಸೂತಕ ಇರ್ಲಿ, ಮಾತ್ರೆ ಟೈಮಿಗೆ ಹೋಗ್ಬೇಕು” ಎಂದರು. ದಿಢೀರನೆ ಏನೂ ಬದಲಿಸಬಾರದು, ಆಗ ಹೆಚ್ಚು ಮಾಡಿದ್ದನ್ನು ಸ್ವಲ್ಪ ಸ್ವಲ್ಪವೇ ಇಳಿಸೋಣ ಎಂದೂ ಹೇಳಿದರು.

ಮನೆಯಲ್ಲಿ ಸೊಸೆ ಸೆರಗು ತಿರುಚುತ್ತಾ ನಿಂತಳು. “ಮನೆದೇವ್ರು ಏನಂದ್ಕೊಳ್ತಾನೋ ಅತ್ತೆ.”

“ದೇವ್ರು ಏನೂ ಅಂದ್ಕೊಳ್ಳಲ್ಲ ಕಣೇ, ಅಂದ್ಕೊಳ್ಳೋರು ಪಕ್ಕದ ಮನೆಯೋರು. ಬಾಗ್ಲು ಹಾಕು.”

ಗ್ರಹಣ ಹಿಡಿದಿತ್ತು. ಮೊಮ್ಮಗಳು ಮಾತ್ರೆ ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು. “ನೀನೂ ತಗೋ ಅಜ್ಜಿ, ನಿನ್ನ ಬೀಪಿದು” ಎಂದಳು. ಒಂದೇ ಲೋಟದ ನೀರಲ್ಲಿ ಇಬ್ಬರೂ ನುಂಗಿದೆವು. ಆಮೇಲೆ ಮೂವರೂ ಗೋಡೆಗೆ ಒರಗಿ ಕುಳಿತೆವು, ಉಸಿರು ಬಿಟ್ಟರೂ ಎಲ್ಲಿ ಫಿಟ್ಸ್ ಬಂದುಬಿಡುವುದೋ ಎಂಬಂತೆ. ಗ್ರಹಣ ಬಿಡುವವರೆಗೂ ಅವಳ ಕೈ ನನ್ನ ಕೈಯಲ್ಲೇ ಇತ್ತು. ಏನೂ ಬರಲಿಲ್ಲ.

ಮಾತ್ರೆ ಇಳಿದಂತೆ ಮಗು ಎದ್ದಳು. ನಿಜವಾಗಿ ಎದ್ದಳು! ಓದಿದಳು, ಜಗಳವಾಡಿದಳು, ಪಾಸಾದಳು. ಈಗಲೂ ಎರಡು ಹೊತ್ತು ಮಾತ್ರೆ ಇದೆ, ಇರಲಿ. ಫಿಟ್ಸ್ ಇಲ್ಲ. ಸೊಸೆ ಅತ್ತುಕೊಂಡೇ ಕಾಲೇಜಿಗೆ ಒಪ್ಪಿದಳು. ಮಾತ್ರೆ ಎಲ್ಲಿದೆ, ಬಿದ್ದರೆ ಏನು ಮಾಡಬೇಕು ಎಂದು ಮೊಮ್ಮಗಳೇ ಗೆಳತಿಯರಿಗೆ ಹೇಳಿಕೊಟ್ಟಿದ್ದಾಳೆ.

ನಿನ್ನೆ ಅವಳು ಬರಬೇಕಾದ ಬಸ್ಸಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ. ನಾನೂ ಸೊಸೆಯೂ ಬೀದಿ ಬಾಗಿಲಿಗೆ ಬಂದು ನಿಂತೆವು. ಮುಂದಿನ ಬಸ್ಸಿಗೆ, ತುಟಿಗೆಲ್ಲ ಗೋಬಿಯ ಕೆಂಪು ಮೆತ್ತಿಕೊಂಡು ನಗುನಗುತ್ತಾ ಇಳಿದಳು.

“ಏನ್ಲೇ, ಎಲ್ಲಿ ಹಾಳಾಗಿ ಹೋಗಿದ್ದೆ? ಮನೆ ಮಠ ಇಲ್ವಾ ನಿಂಗೆ? ಕಾಲು ಮುರೀತೀನಿ ನೋಡು!” ಸೊಸೆ ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಇಷ್ಟು ವರ್ಷ ನಮ್ಮ ಮನೆಯಲ್ಲಿ ಆ ಮಗುವನ್ನು ಯಾರೂ ದನಿ ಎತ್ತಿ ಬೈದಿರಲಿಲ್ಲ, ಎಲ್ಲಿ ಫಿಟ್ಸ್ ಬಂದುಬಿಡುವುದೋ ಎಂದು. ನಿನ್ನೆ ಅವಳು ತಲೆ ತಗ್ಗಿಸಿ, ಎಲ್ಲ ಹುಡುಗಿಯರ ಹಾಗೆ, ಚೆನ್ನಾಗಿ ಬೈಸಿಕೊಂಡಳು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.