ದಾದಮ್ಮ ಆರಿಸದ ದೀಪ

ದಾದಮ್ಮನ ಹಣೆಯ ಮೇಲೆ, ಎರಡು ಹುಬ್ಬಿನ ನಡುವೆ, ಹಸಿರು ಹಚ್ಚೆಯ ಬೊಟ್ಟೊಂದಿತ್ತು. ಗಂಡ ಸತ್ತಾಗ ನೆಂಟರು ಅವಳ ಕುಂಕುಮ ಅಳಿಸಿದ್ದರು. ಯೇಸುಸ್ವಾಮಿಯನ್ನು ನಂಬಿದಾಗ ಕೊರಳ ತಾಯಿತವನ್ನು ಅವಳೇ ಬಿಚ್ಚಿದ್ದಳು. ಹಚ್ಚೆಗೆ ಮಾತ್ರ ಯಾರಿಂದಲೂ ಏನೂ ಮಾಡಲಾಗಿರಲಿಲ್ಲ. ನಮ್ಮಜ್ಜಿಗೆ ಅದನ್ನು ಕಂಡರೆ ನಾಲಿಗೆ ತುರಿಸುತ್ತಿತ್ತು.

"ನಿನ್ ಸ್ವಾಮಿ ಕುರುಡ್ರಿಗೆ ಕಣ್ಣು ಕೊಟ್ಟವ್ನಂತೆ. ಆ ಚುಕ್ಕಿ ಒರೆಸಾಕೆ ಆಗ್ನಿಲ್ವಾ ಅವನ್ಗೆ?"

"ಇದು ನಮ್ಮವ್ವ ಉಯ್ಯಿಸಿದ್ದು ಕಣಜ್ಜಿ. ಅವ್ವ ಕೊಟ್ಟಿದ್ನ ಕಿತ್ಕೊಳ್ಳೋ ಸ್ವಾಮಿಯಲ್ಲ ಅವನು" ಎನ್ನುತ್ತಿದ್ದಳು ದಾದಮ್ಮ.

ಅಜ್ಜಿಗೆ ಉತ್ತರ ಕೊಟ್ಟು ದಕ್ಕಿಸಿಕೊಂಡವರು ನಮ್ಮೂರಲ್ಲಿ ಕಡಿಮೆ. ಆದರೆ ದಾದಮ್ಮ ಧೈರ್ಯಸ್ಥೆ ಎಂದು ಇಷ್ಟಕ್ಕೇ ಯಾರೂ ತಿಳಿಯಬಾರದು. ಮಾತಿನಲ್ಲಿ ಗಟ್ಟಿಗಿತ್ತಿ, ಎದೆಯಲ್ಲಿ ಪುಕ್ಕಲಿ. ನಾನು ಮೊದಲು ಕಂಡ ದಾದಮ್ಮ ಹಾಗೇ ಇದ್ದಳು.

ಅವಳು ಬಂಡೂರು ಕಡೆಯ ಒಕ್ಕಲು ಮನೆಯ ಹೆಣ್ಣು. ಗಂಡನೂ ಹೋಗಿ, ಎತ್ತಿಕೊಂಡಿದ್ದ ಕೂಸೂ ಹೋದ ಮೇಲೆ ಅತ್ತೆಮನೆಯವರು ಅಪಶಕುನದವಳೆಂದು ಹೊರಗೆ ಹಾಕಿದರು. ಮೈಸೂರಿನ ಯಾವುದೋ ಮಿಷನ್ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಾ ಹೆರಿಗೆ ಮಾಡಿಸುವುದನ್ನು ಕಲಿತಳು, ಅಲ್ಲೇ ಕ್ರಿಸ್ತರ ಮತಕ್ಕೆ ಸೇರಿದಳು. ಹಲಗೂರಿಗೂ ಮಳವಳ್ಳಿಗೂ ನಡುವಿನ ನಮ್ಮ ಹಳ್ಳಿಯಲ್ಲಿ ಹಳೆಯ ಸೂಲಗಿತ್ತಿಗೆ ಕಣ್ಣು ಮಂಜಾದ್ದರಿಂದ ಇವಳಿಗೆ ಜಾಗ ಸಿಕ್ಕಿತು. ಗಾಣಿಗರ ಹಿತ್ತಲಿನ ಒಂದು ಕೋಣೆಯಲ್ಲಿ ಇರುತ್ತಿದ್ದಳು. ಉಗುರನ್ನು ಸದಾ ಒತ್ತಿ ಕತ್ತರಿಸಿರುತ್ತಿದ್ದಳು, ಕೈ ಹರಳೆಣ್ಣೆ ವಾಸನೆ ಹೊಡೆಯುತ್ತಿತ್ತು. ಮದ್ದೂರಿನಿಂದ ಪಾದ್ರಿ ಅಯ್ಯನವರು ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದುದು ಯಾವಾಗಲೋ ಒಮ್ಮೆ. ಉಳಿದ ಭಾನುವಾರಗಳಲ್ಲಿ ಅವಳೊಬ್ಬಳೇ ಕೂತು ಹಾಡಿಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಕಲಿಸಿದ ರಾಗ ಮರೆತುಹೋಗಿ, ಅವಳ ಬಾಯಲ್ಲಿ ಎಲ್ಲವೂ ರಾಗಿ ಬೀಸುವ ಪದದ ರಾಗಕ್ಕೇ ಬಂದು ಕೂರುತ್ತಿತ್ತು. ಕೇಳಿದವರು ದಾದಮ್ಮ ಬೀಸುತ್ತಿದ್ದಾಳೆ ಎಂದುಕೊಳ್ಳಬೇಕು, ಹಾಗೆ.

ಒಂದು ಬೇಸಗೆಯಲ್ಲಿ ಊರಿಗೆ ಸಿಡುಬು ಬಂತು. ಎಲ್ಲರೂ ಮಾರಮ್ಮನ ಹೆಸರು ಹೇಳಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮರುದಿನ ನೋಡಿದರೆ ದಾದಮ್ಮನ ಬಾಗಿಲಲ್ಲೂ ಬೇವು. ಒಳಗೆ ಗೋಡೆಯ ಮೇಲೆ ಶಿಲುಬೆ, ಹೊರಗೆ ಬೇವು. ಸಂಜೆಗೆ ಕಿತ್ತಳು, ಬೆಳಿಗ್ಗೆ ಮತ್ತೆ ಕಟ್ಟಿದಳು.

"ಎರಡು ದೋಣಿ ಮ್ಯಾಲೆ ಕಾಲಿಟ್ಟವಳೆ" ಎಂದು ಅಜ್ಜಿ ನಕ್ಕಳು. ನಮ್ಮವ್ವ ಕೇಳಿದಾಗ ದಾದಮ್ಮ ತಲೆ ತಗ್ಗಿಸಿ, "ಕೂಸು ಹೋದಾಗ್ಲಿಂದ ಯೆದ್ರುಕೆ ಕಣವ್ವ. ನಂಬಿವ್ನಿ. ಎದೆ ಇನ್ನೂ ಗಟ್ಟಿಯಾಗಿಲ್ಲ" ಎಂದಳು.

ಆ ಸಲ ಕಾಯಿಲೆಯವರ ಮನೆಗೆ ಹೋಗಿ ಮೈ ಒರೆಸುತ್ತಿದ್ದವಳು ಅವಳೊಬ್ಬಳೇ. ಕೊನೆಗೆ ಅವಳಿಗೂ ಬಂತು. ಅವಳ ಕೋಣೆಯೊಳಕ್ಕೆ ಯಾರೂ ಕಾಲಿಡಲಿಲ್ಲ. ಅವ್ವ ಮಾತ್ರ ಹೊಸಿಲ ಹತ್ತಿರ ತೆಂಗಿನ ಚಿಪ್ಪಿನಲ್ಲಿ ಗಂಜಿ ಇಟ್ಟು, ಕೂಗಿ ಹೇಳಿ ಬರುತ್ತಿದ್ದಳು. ಚಿಪ್ಪು ಖಾಲಿಯಾಗಿದ್ದರೆ ಬದುಕಿದ್ದಾಳೆ ಎಂದು ಲೆಕ್ಕ. ವಾಸಿಯಾಗಿ ಎದ್ದ ದಾದಮ್ಮನ ಮುಖದ ತುಂಬ ಕಲೆ, ಹಚ್ಚೆ ಮಾತ್ರ ಇದ್ದಲ್ಲೇ ಇತ್ತು. ಒಣಗಿ ನೇತಾಡುತ್ತಿದ್ದ ಬೇವನ್ನು ಬಿಚ್ಚಿ ತಿಪ್ಪೆಗೆ ಹಾಕಿದಳು, ಮತ್ತೆ ಕಟ್ಟಲಿಲ್ಲ.

"ಈಗ ಯೆದ್ರುಕೆ ಇಲ್ವಾ?" ಎಂದಳು ಅವ್ವ.

"ಐತೆ. ಆದ್ರೆ ಒಬ್ಳೇ ಮಲಗಿದ್ನಲ್ಲವ್ವ, ಆಗ ಗೊತ್ತಾಯ್ತು. ಬೇವು ಆಚೆ ಇತ್ತು. ಸ್ವಾಮಿ ಒಳಗಿದ್ದ, ನನ್ ಚಾಪೆ ಪಕ್ಕ."

"ಹಂಗಾರೆ ಅವನ್ಗೂ ಅಂಟ್ಕಬೇಕಿತ್ತಲ್ಲ" ಎಂದಳು ಅಜ್ಜಿ. ಅಜ್ಜಿ ಹಾಗೆಯೇ.

ಇದಾದ ಮೇಲೆ ನಮ್ಮ ಮನೆಗೆ ಕೇಡುಗಾಲ ಬಂತು. ನನ್ನಪ್ಪ ತೀರಿಕೊಂಡಿದ್ದ. ಅವ್ವ, ನಾನು, ನನ್ನ ತಮ್ಮ ಚಿಕ್ಕಪ್ಪನ ಜೊತೆ ಕೂಡುಮನೆಯಲ್ಲಿದ್ದೆವು. ನಾಲೆ ನೀರು ನಮ್ಮ ಕಡೆಗೂ ಬರುತ್ತದಂತೆ ಎಂಬ ಸುದ್ದಿ ಹಬ್ಬಿ, ಅಲ್ಲಿಯವರೆಗೆ ಹುರುಳಿ ಬೆಳೆಯುತ್ತಿದ್ದ ಹೊಲಗಳನ್ನೂ ಜನ ಚಿನ್ನದ ಹಾಗೆ ನೋಡತೊಡಗಿದ್ದ ಕಾಲ. ಚಿಕ್ಕವ್ವನಿಗೆ ಚೊಚ್ಚಲ ಹೆರಿಗೆ. ಕೋಣೆಯಲ್ಲಿದ್ದವರು ದಾದಮ್ಮ ಮತ್ತು ನಮ್ಮವ್ವ, ಇಬ್ಬರೇ. ಗಂಡು ಕೂಸು. ಅಳಲೇ ಇಲ್ಲ.

ಕೆರಗೋಡಿನಿಂದ ಚಿಕ್ಕವ್ವನ ಅಣ್ಣ ಬಂದ. ನೋವೇರಲಿ ಎಂದು ಅವ್ವ ಕಷಾಯ ಕಾಯಿಸಿ ಕೊಟ್ಟಿದ್ದು ಅವನ ಕಿವಿಗೆ ಬಿತ್ತು. ಚಿಕ್ಕಪ್ಪನಿಗೆ ಮಗ ಹುಟ್ಟದಿದ್ದರೆ ಜಮೀನೆಲ್ಲ ತನ್ನ ಮಗನಿಗೇ ಉಳಿಯುತ್ತದೆಂದು ಅವ್ವ ಕೂಸನ್ನು ಹೊಟ್ಟೆಯೊಳಗೇ ಕೊಂದಳು ಎಂದು ಬೀದಿಯಲ್ಲಿ ನಿಂತು ಕೂಗಿದ. ಚಿಕ್ಕವ್ವ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಳು. ಚಿಕ್ಕಪ್ಪ ಅವ್ವನ ಮುಖ ನೋಡುವುದನ್ನು ಬಿಟ್ಟ. ಮಾತು ನಿಲ್ಲಿಸದ ನಮ್ಮಜ್ಜಿಯೂ ಬಾಯಿ ಮುಚ್ಚಿಕೊಂಡಳು. ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಅದಕ್ಕೇ. ತಪ್ಪು ಅವ್ವನದೇ ಎಂದು ತೀರ್ಮಾನವಾದರೆ ನಾವು ಮೂವರೂ ಉಟ್ಟ ಬಟ್ಟೆಯಲ್ಲಿ ಹೊರಡಬೇಕು. ಅವ್ವನ ತೌರಿನಲ್ಲಿ ಕರೆಯುವವರು ಯಾರೂ ಉಳಿದಿರಲಿಲ್ಲ.

ನಮ್ಮೂರಲ್ಲಿ ಇಂಥ ನ್ಯಾಯಕ್ಕೆ ಒಂದೇ ದಾರಿ. ಮಿಂದು ಒದ್ದೆ ಬಟ್ಟೆಯಲ್ಲಿ ಮಾರಮ್ಮನ ಮುಂದೆ ನಿಂತು, "ನಾನು ಸುಳ್ಳಾಡಿದ್ರೆ ನನ್ ವಂಶ ಹಿಂಗೇ ಆರೋಗ್ಲಿ" ಎಂದು ಹೇಳಿ ಉರಿಯುವ ದೀಪವನ್ನು ಕೈಯಾರೆ ಆರಿಸಬೇಕು. ಆಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಅವ್ವ ಒಬ್ಬಳ ದೀಪ ಸಾಲದು, ಒಳಗಿದ್ದ ಇನ್ನೊಬ್ಬಳೂ ಆರಿಸಲಿ ಎಂದು ಕೆರಗೋಡಿನವರು ಹಟ ಹಿಡಿದರು. ಪಟೇಲರು ಒಪ್ಪಿ ಶುಕ್ರವಾರ ಗೊತ್ತು ಮಾಡಿದರು.

ಅವ್ವ ನನ್ನ ಕೈ ಹಿಡಿದುಕೊಂಡು ದಾದಮ್ಮನ ಕೋಣೆಗೆ ಹೋದಳು. ದಾದಮ್ಮ ಹರಳು ಕುಟ್ಟುತ್ತಿದ್ದಳು.

"ಒಂದು ದೀಪ ತಾನೆ ದಾದಮ್ಮ. ಆರಿಸ್ಬುಡು."

ದಾದಮ್ಮ ಒನಕೆ ನಿಲ್ಲಿಸಲಿಲ್ಲ. "ಆಣೆ ಇಕ್ಕಬ್ಯಾಡಿ ಅಂದವ್ನೆ ಕಣವ್ವ ನಮ್ ಸ್ವಾಮಿ."

"ನಿನ್ ಸ್ವಾಮಿಗೆ ಮಕ್ಕಳಿದ್ವಾ? ಬೀದಿಗೆ ಬೀಳೋದು ನನ್ ಮಕ್ಕಳು ಕಣೇ." ಅವ್ವ ನನ್ನನ್ನು ಮುಂದಕ್ಕೆ ತಳ್ಳಿದಳು. "ನೀನು ಮಲಗಿದ್ದಾಗ ಗಂಜಿ ಇಟ್ಟೋಳು ನಾನು."

"ಮರ್ತಿಲ್ಲ."

"ಮತ್ತೆ?"

"ಬತ್ತೀನಿ ಶುಕ್ರವಾರ. ಬರದೆ ಇರಾಕಿಲ್ಲ."

ಅಷ್ಟೇ ಹೇಳಿದಳು. ಆರಿಸುತ್ತೇನೆ ಎನ್ನಲಿಲ್ಲ. ದಾರಿಯುದ್ದಕ್ಕೂ ಅವ್ವ ಅವಳನ್ನು ಬೈಯುತ್ತಾ ಬಂದಳು. ಮದ್ದೂರಿನ ಪಾದ್ರಿಯನ್ನು ಕೇಳಿ ಬರೋಣವೆಂದರೆ ಅವರು ಬೇರೆ ಊರಿಗೆ ಹೋಗಿದ್ದರಂತೆ. ದಾದಮ್ಮನಿಗೆ ಹೀಗೆ ಮಾಡು ಎಂದು ಹೇಳುವವರು ಯಾರೂ ಇರಲಿಲ್ಲ.

ಶುಕ್ರವಾರ ಗುಡಿಯ ಮುಂದೆ ಊರೇ ಸೇರಿತ್ತು. ಮೊದಲು ಅವ್ವ ನಿಂತಳು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ವಂಶ ಎಂದರೆ ನಾನು, ನನ್ನ ತಮ್ಮ. ಅವಳ ಬಾಯಿ ತಪ್ಪಿ ಒಂದು ಮಾತು ಹೆಚ್ಚುಕಡಿಮೆಯಾದರೂ ನಾವಿಬ್ಬರೂ ಅಲ್ಲೇ ಬಿದ್ದು ಸಾಯುತ್ತೇವೆ ಎಂದು ನಂಬಿ ನಾನು ತಮ್ಮನ ಅಂಗಿ ಹಿಡಿದುಕೊಂಡಿದ್ದೆ. ಅವ್ವ ಹೇಳುವುದನ್ನು ಹೇಳಿ ಬತ್ತಿಯನ್ನು ಬೆರಳಲ್ಲಿ ಹಿಸುಕಿದಳು. ಪೂಜಾರಿ ಮತ್ತೆ ಹಚ್ಚಿದ.

"ಬಾ ದಾದಮ್ಮ" ಎಂದರು ಪಟೇಲರು.

ಅವಳು ಬಂದಳು. ಮಿಂದಿರಲಿಲ್ಲ, ಸೀರೆ ಒಣಗಿತ್ತು. ಅದನ್ನು ಕಂಡೇ ಕೆರಗೋಡಿನವನು, "ನೋಡ್ರಲಾ, ಇಬ್ರೂ ಸೇರಿ ಮಾಡವ್ರೆ. ಅದಕ್ಕೇ ಯೆದ್ರುತಾವ್ಳೆ" ಎಂದ. ಜನ ಗುಜುಗುಜು ಶುರು ಮಾಡಿದರು. ಅವ್ವ ನೆಲಕ್ಕೆ ಕುಸಿದು ಕೂತಳು.

"ಅಯ್ಯಾ," ಎಂದಳು ದಾದಮ್ಮ ಪಟೇಲರಿಗೆ. "ನಂಗೆ ಗಂಡ ಇಲ್ಲ, ಕೂಸು ಮಣ್ಣಾಯ್ತು. ವಂಶ ಆರೋಗ್ಲಿ ಅನ್ನಾಕೆ ನಂಗ್ಯಾವ ವಂಶ ಐತೆ? ಈ ತಾಯಿ ನಂಗೇನಾರ ಮಾಡ್ತಾಳೆ ಅನ್ನೋ ನಂಬ್ಕೆನೂ ಇಲ್ಲ. ಈ ದೀಪ ಆರ್ಸೋದು ನಂಗೆ ಬಲು ಸಲೀಸು. ಸುಳ್ಳು ಹೇಳೇ ಆರಿಸ್ಬೋದು. ಅಂಗೆ ಆರಿಸ್ದ್ರೆ ನಿಮ್ಮ ತಾಯಿಗೂ ಮೋಸ, ನಿಮಗೂ ಮೋಸ, ನಮ್ ಸ್ವಾಮಿಗೂ ಮೋಸ. ಅದಕ್ಕೇ ಆರಿಸಾಕಿಲ್ಲ."

"ಮತ್ತೆ ನಿನ್ ಮಾತ್ನ ಹೆಂಗೆ ನಂಬೋದು?" ಎಂದರು ಪಟೇಲರು.

"ಕಂಡಿದ್ದು ಹೇಳ್ತೀನಿ. ನಂಬೋದು ಬುಡೋದು ನಿಮ್ಗೆ ಸೇರಿದ್ದು. ಕಷಾಯ ಕಾಯ್ಸು ಅಂದೋಳು ನಾನು. ಜೀರಿಗೆ, ಮೆಣಸು, ಬೆಲ್ಲ, ಬ್ಯಾರೆ ಏನೂ ಇಲ್ಲ. ಮೊದಲ ಗುಟುಕು ಕುಡಿದು ನೋಡಿದೋಳೂ ನಾನೇ. ಕೂಸಿನ ಕೊರಳಿಗೆ ಹೊಕ್ಕಳ ಬಳ್ಳಿ ಸುತ್ಕೊಂಡಿತ್ತು. ಈ ಅವ್ವ ಕೂಸಿನ ಬಾಯಿಗೆ ಬಾಯಿಟ್ಟು ಉಸಿರು ಊದುದ್ಲು, ಸಾಕು ಬುಡು ಅಂದ್ರೂ ಬುಡ್ನಿಲ್ಲ." ಅವಳು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಬಳ್ಳಿ ಸುತ್ತಿರೋದು ನಂಗೆ ತಡವಾಗಿ ಗೊತ್ತಾಯ್ತು ಅಯ್ಯ. ಇನ್ನೊಂದ್ ಚೂರು ಮುಂಚೆ ಕೈಗೆ ಸಿಕ್ಕಿದ್ರೆ ಕೂಸು ಉಳೀತಿತ್ತೇನೋ. ತಪ್ಪು ಅಂತ ಇದ್ರೆ ಅದು ನಂದು. ಈ ಅವ್ವಂದಲ್ಲ."

ಅದನ್ನು ಅವಳಿಂದ ಯಾರೂ ಕೇಳಿರಲಿಲ್ಲ. ಪಟೇಲರು ಕೆರಗೋಡಿನವನ ಕಡೆ ತಿರುಗಿ, "ಸುಳ್ಳು ಹೇಳೋಳು ಹಿಂಗೆ ತನ್ ಅನ್ನದ ಮಡಕೆ ತಾನೇ ಒಡ್ಕತಾಳೇನಪ್ಪ?" ಎಂದರು. ಪೂಜಾರಿಗೆ ದೀಪ ಒಳಗಿಡಲು ಹೇಳಿದರು. ನಾವು ಮನೆಯಲ್ಲೇ ಉಳಿದೆವು.

ಮಡಕೆಯೇನೋ ನಿಜವಾಗಿ ಒಡೆಯಿತು. ಕೂಸನ್ನು ಕೈಬಿಟ್ಟವಳು ಎಂಬ ಮಾತು ಊರೂರಿಗೆ ಹೋಯಿತು, ಹೆರಿಗೆಗೆ ಅವಳನ್ನು ಯಾರೂ ಕರೆಯದಂತಾಯಿತು. ಕಂಡವರ ಹೊಲದಲ್ಲಿ ಕಳೆ ಕಿತ್ತಳು, ಹರಳು ಹುರಿದು ಕುಟ್ಟಿ ಎಣ್ಣೆ ಬೇಯಿಸಿ ಮಾರಿದಳು. ಯುದ್ಧದ ದೆಸೆಯಿಂದ ಸೀಮೆಎಣ್ಣೆ ಕಣ್ಣಿಗೆ ಕಾಣದ ಕಾಲ. ಅವಳನ್ನು ಹೊಸಿಲು ದಾಟಿಸದ ಮನೆಗಳಲ್ಲೂ ಅವಳ ಎಣ್ಣೆಯೇ ಉರಿಯುತ್ತಿತ್ತು. ಅವ್ವನಿಗಂತೂ ಅವಳ ಮೇಲೆ ಪ್ರೀತಿಯೂ ಸಿಟ್ಟೂ ಒಟ್ಟಿಗೇ. "ಒಂದು ದೀಪ ಆರಿಸಿದ್ರೆ ನಂಗೂ ಜೀವ ಹಾರ್ತಿರ್ನಿಲ್ಲ, ನಿನ್ ಅನ್ನನೂ ಹೋಗ್ತಿರ್ನಿಲ್ಲ" ಎಂದು ಬೈಯುತ್ತಲೇ ಸೆರಗಿನಲ್ಲಿ ರಾಗಿ ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು.

ನಾನೊಮ್ಮೆ ದಾದಮ್ಮನನ್ನು ಕೇಳಿದ್ದೆ, ಆ ದಿನ ಭಯವಾಗಲಿಲ್ಲವೇ ಎಂದು.

"ಆಗ್ದೇನಮ್ಮಿ. ಕಾಲು ಗಡಗಡ ಅಂತಿದ್ವು. ನಿಮ್ಮವ್ವ ಕೂತಿದ್ದು ನೋಡಿ ಕೈ ದೀಪದ ಕಡೆ ಹೋಗೇಬುಟ್ಟಿತ್ತು. ಯೆದ್ರುಕೆ ಹೋದ್ಮೇಲೆ ನಂಬ್ತೀನಿ ಅಂತ ಕೂತಿದ್ರೆ ಆಗಾಕಿಲ್ಲ ಕಣಮ್ಮಿ. ಯೆದ್ರುಕೊಂಡೇ ನಂಬ್ಬೇಕು."

ಅವಳ ದೇವರನ್ನು ನಾನು ಸೇರಲಿಲ್ಲ. ಆದರೆ ಮುಂದೆ ಬದುಕಿನಲ್ಲಿ ಹೆದರಿಕೆ ಎದುರಾದಾಗಲೆಲ್ಲ ನನಗೆ ನೆನಪಾದದ್ದು ಆ ಮಾತು. ನಾನು ಆ ಮನೆಯಲ್ಲೇ ಉಳಿದು, ಓದಿ, ಮಂಡ್ಯದಲ್ಲಿ ನಾಲ್ಕು ಮಕ್ಕಳಿಗೆ ಅಕ್ಷರ ಹೇಳುವಂತಾದದ್ದು ಅವಳು ಅನ್ನ ಕಳೆದುಕೊಂಡದ್ದರಿಂದ. ಇದನ್ನು ನಾನು ಯಾರ ಮುಂದೆಯೂ ಹೇಳುತ್ತೇನೆ.

ಚಿಕ್ಕವ್ವ ಮತ್ತೆ ಬಸುರಾದಾಗ ಮಳವಳ್ಳಿಯಿಂದ ಬೇರೆಯವರನ್ನು ಕರೆಸಬೇಕೆಂದು ಎಲ್ಲರೂ ಹೇಳಿದರು. ನೋವು ಶುರುವಾದ ಮೇಲೆ ಚಿಕ್ಕವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು, "ತಪ್ಪಾಯ್ತು ಅಂತ ತಾನೇ ಒಪ್ಕೊಂಡೋಳು ಇನ್ನೊಂದ್ ಸಲ ಆ ತಪ್ಪು ಮಾಡಾಕಿಲ್ಲ. ನಂಗೆ ಅವ್ಳೇ ಬೇಕು" ಎಂದಳು. ದಾದಮ್ಮ ಬಂದಳು. ಬಾಗಿಲ ಹೊರಗೆ ಚಿಕ್ಕಪ್ಪ ಕೂತ ಕಡೆ ಕೂರಲಾರ, ನಿಂತ ಕಡೆ ನಿಲ್ಲಲಾರ. ಒಳಗಿನಿಂದ ಚಿಕ್ಕವ್ವನ ನರಳಾಟ, ಅದರ ಕೆಳಗೆ ಆ ರಾಗಿ ಬೀಸುವ ರಾಗ. ಸ್ವಲ್ಪ ಹೊತ್ತಿಗೆ ರಾಗ ನಿಂತುಬಿಟ್ಟಿತು, ಅಜ್ಜಿ ನನ್ನ ರಟ್ಟೆಯನ್ನು ಉಗುರು ನಾಟುವಂತೆ ಹಿಡಿದಳು. ಆಮೇಲೆ ಕೂಸು ಅತ್ತಿತು. ಅಜ್ಜಿ ಮೊದಲು ಆಡಿದ ಮಾತು, "ಅವ್ಳ ಸ್ವಾಮಿಗೂ ಒಂದು ಕಾಯಿ ಒಡೀರೋ."

ಸ್ವಾತಂತ್ರ್ಯ ಬಂದ ವರ್ಷದ ಕಾರ್ತಿಕದಲ್ಲಿ ದಾದಮ್ಮ ಜ್ವರದಿಂದ ತೀರಿಕೊಂಡಳು. ನಮ್ಮೂರಲ್ಲಿ ಅವಳ ಮತದವರನ್ನು ಮಣ್ಣು ಮಾಡುವ ಜಾಗ ಅಂತ ಇರಲಿಲ್ಲ. ಚಿಕ್ಕಪ್ಪ ನಮ್ಮ ಹೊಲದ ಮೂಲೆಯಲ್ಲಿ ಜಾಗ ಕೊಟ್ಟು, ತಾನೇ ಹೆಗಲು ಕೊಟ್ಟ. ಮದ್ದೂರಿನಿಂದ ಬಂದ ಪಾದ್ರಿ ಅಯ್ಯನವರು ಪ್ರಾರ್ಥನೆ ಮುಗಿಸಿದರು, ಎಲ್ಲರೂ ಮಣ್ಣು ಹಾಕಿದರು. ಹೊತ್ತು ಮುಳುಗುತ್ತಿತ್ತು. ಅವ್ವ ಸೆರಗಿನೊಳಗಿಂದ ಒಂದು ಮಣ್ಣಿನ ಹಣತೆಯನ್ನೂ, ದಾದಮ್ಮನ ಕೋಣೆಯಿಂದ ತಂದಿದ್ದ ಹರಳೆಣ್ಣೆ ಸೀಸೆಯನ್ನೂ ತೆಗೆದಳು.

ಅಯ್ಯನವರು ಸ್ವಲ್ಪ ಹಿಂಜರಿದರು. "ಅಮ್ಮಾ, ಆ ತಾಯಿ ದೀಪದ ಪದ್ಧತಿ ಬೇಡ ಅಂದವರಲ್ಲವೇ?"

"ಅವ್ಳು ಬ್ಯಾಡ ಅಂದಿದ್ದು ಆರಿಸಾದ್ನ ಸ್ವಾಮಿ," ಎಂದಳು ಅವ್ವ. "ಹಚ್ಚಾದ್ನಲ್ಲ."

ಹಣತೆಗೆ ಎಣ್ಣೆ ಹೊಯ್ದು, ಹಚ್ಚಿ, ಹಸಿ ಮಣ್ಣಿನ ಮೇಲಿಟ್ಟಳು. ನಾಲೆಯ ಕಡೆಯಿಂದ ಗಾಳಿ ಎದ್ದಿತು. ಒಬ್ಬೊಬ್ಬರಾಗಿ ಎಲ್ಲರೂ ಮನೆಯ ದಾರಿ ಹಿಡಿದರು. ಅವ್ವ ಏಳಲಿಲ್ಲ. ಅಂದು ಗುಡಿಯ ಮುಂದೆ ಬತ್ತಿ ಹಿಸುಕಿದ್ದ ಅದೇ ಕೈಯನ್ನು ಗಾಳಿಗೆ ಅಡ್ಡ ಹಿಡಿದು, ಎಣ್ಣೆ ಮುಗಿಯುವವರೆಗೂ ಅಲ್ಲೇ ಕೂತಿದ್ದಳು.