ಶೈಲೇಶರ ಮನೆಯ ಹಾಗೆ

ಕುಶಾಲಪ್ಪ ಮೇಸ್ತ್ರಿಯ ಕೈಯಲ್ಲಿ ಇಪ್ಪತ್ತೇಳು ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಮನೆಗಳು ಎದ್ದಿವೆ. ಸುಳ್ಯದಿಂದ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಮುಗಿಯಿತು, ಪಕ್ಕದವರಿಗೆ ಒಂದು ಕೋಳಿನಿದ್ದೆ ಮಾಡಲಿಕ್ಕೂ ಬಿಡುವ ಆಸಾಮಿಯಲ್ಲ. "ಅಗೋ, ಅದು ನಂದು. ಆ ತಿರುವಿನಲ್ಲಿ ಕಾಣ್ತದಲ್ಲ, ಅದೂ ನಂದೇ." ಕಟ್ಟಿಸಿದವನಿಗಿಂತ ಕಟ್ಟಿದವನಿಗೇ ಹೆಚ್ಚು ಜಂಭ. ಆದರೆ ಆ ನಲವತ್ತರಲ್ಲಿ ಒಂದಕ್ಕಾದರೂ ಸರಿಯಾದ ನಕ್ಷೆ ಇತ್ತೇ ಎಂದು ಮಾತ್ರ ಕೇಳಬೇಡಿ. ಪಂಚಾಯತಿಗೆ ಕೊಡಲು ಒಂದು ಪ್ಲಾನ್ ಇರುತ್ತಿತ್ತು, ನಿಜ. ಲೈಸನ್ಸ್ ಸಿಕ್ಕಿದ ಮರುದಿನ ಅದು ಕಪಾಟು ಸೇರಿದರೆ ಮತ್ತೆ ಹೊರಗೆ ಬರುತ್ತಿದ್ದುದು ಕರೆಂಟಿನ ಅರ್ಜಿ ಹಾಕುವಾಗ.

ಮನೆ ಕಟ್ಟುವ ಕ್ರಮವೇ ಬೇರೆ. ಕಟ್ಟಿಸುವವರು ಬಂದು ಹೇಳುವುದು ಒಂದೇ ಮಾತು: "ಇಂಥವರ ಮನೆ ಉಂಟಲ್ಲ, ಅದರ ಹಾಗೆ ಮಾಡಿ ಕೊಡಿ ಮೇಸ್ತ್ರಿಗಳೇ." ಆ ಇಂಥವರು ತಮ್ಮ ಕಾಲದಲ್ಲಿ ಇನ್ನೊಬ್ಬರ ಮನೆ ತೋರಿಸಿರುತ್ತಾರೆ. ಕಬಕದ ಶೈಲೇಶರ ಮನೆ ಸಂಕಪ್ಪಣ್ಣನ ಮನೆಯ ಹಾಗೆ. ಸಂಕಪ್ಪಣ್ಣನದ್ದು ಅವರ ಭಾವನ ಮನೆಯ ಹಾಗೆ. ಭಾವನದ್ದು ಯಾರ ಹಾಗೆ ಎಂದು ಆ ಭಾವನಿಗೂ ನೆನಪಿಲ್ಲ. ಇಷ್ಟರ ಮೇಲೆ ಛಾಪಾ ಕಾಗದ ಬೇರೆ! ಅದರಲ್ಲಿ ಚದರ ಅಡಿಯ ದರ, ಕಂತು, ಮುಗಿಸಬೇಕಾದ ತಿಂಗಳು. ಬಾಗಿಲು ಎಷ್ಟು ಅಗಲ, ಮೆಟ್ಟಿಲು ಎಷ್ಟು, ನೆಲಗಟ್ಟಿನ ಪಂಚಾಂಗ ಎಷ್ಟು ಎತ್ತರ, ಇದೆಲ್ಲ ಯಾರು ಬರೆಯುತ್ತಾರೆ? "ಎಂತ, ನಮ್ಮೊಳಗೆ ಅಷ್ಟೂ ನಂಬಿಕೆ ಇಲ್ವಾ?" ಎಂದುಬಿಟ್ಟರೆ ಬರೆಯಲು ಕೂತವನ ಪೆನ್ನು ಅಲ್ಲೇ ನಿಲ್ಲುತ್ತದೆ.

ಕಾಣಿಯೂರಿನ ಹರಿಪ್ರಸಾದರ ಮನೆಯ ಕಾಗದದಲ್ಲೂ ಇದ್ದದ್ದು ಅಷ್ಟೇ. 'ಕಬಕದ ಶೈಲೇಶರ ಮನೆಯ ಹಾಗೆಯೇ, ಅದೇ ಕ್ರಮದಲ್ಲಿ ಕಟ್ಟಿಕೊಡತಕ್ಕದ್ದು.' ಹರಿಪ್ರಸಾದರಿಗೆ ಕಡಬ ಪೇಟೆಯಲ್ಲಿ ಪಂಪ್ ರಿಪೇರಿಯ ಅಂಗಡಿ. ಬೆಳಿಗ್ಗೆ ಹೋದರೆ ಕತ್ತಲೆಗೆ ಬರುವ ಮನುಷ್ಯ, ಮನೆ ಏಳುವಾಗ ಒಮ್ಮೆಯೂ ಬೆಳಕಿನಲ್ಲಿ ಬಂದು ನೋಡಿದವರಲ್ಲ. ಅಪ್ಪ ಇಲ್ಲ. ತಾಯಿ ಪೂವಮ್ಮ ಆಗ ಸುಳ್ಯದಲ್ಲಿ ಮಗಳ ಮನೆಯಲ್ಲಿದ್ದರು. "ಅಮ್ಮನಿಗೆ ಸೊಂಟ ಅಷ್ಟು ಸರಿ ಇಲ್ಲ" ಎಂದು ಹರಿಪ್ರಸಾದರು ಒಮ್ಮೆ ಅಂದಿದ್ದರು, ಅಷ್ಟೇ. ಶೈಲೇಶರ ಮನೆ ನೋಡಿ ಕಟ್ಟಿ ಎಂದೂ ಹೇಳಿದ್ದರು. ಆದರೆ ಅದನ್ನು ಕಟ್ಟಿದವನೇ ಕುಶಾಲಪ್ಪನಾದ್ದರಿಂದ ಅವನಿಗೆ ನೋಡಿ ಬರುವ ಅಗತ್ಯವೂ ಕಾಣಲಿಲ್ಲ. ತಾನು ಕಟ್ಟಿದ ಮನೆ ತನಗೆ ಗೊತ್ತಿಲ್ಲವೇ? ಎದುರಿಗೆ ಮೂರು ಮೆಟ್ಟಿಲು, ಬಚ್ಚಲ ಬಾಗಿಲಿಗೆ ಎರಡೂವರೆ ಅಡಿಯ ದಾರಂದ, ಚೌಕಟ್ಟಿನ ಮರ ಕಳೆದರೆ ಒಳಗೆ ಎರಡೇ ಅಡಿ. ಸೊಂಟ ನೋವಿನ ಮುದುಕಿಯ ನೆನಪಾಗಿ, ಯಾರೂ ಕೇಳದಿದ್ದರೂ, ಮೂರು ಮೆಟ್ಟಿಲಿನ ಎತ್ತರವನ್ನು ನಾಲ್ಕಕ್ಕೆ ಹಂಚಿ ತಗ್ಗಿಸಿದ, ಪಕ್ಕಕ್ಕೆ ಒಂದು ಸ್ಟೀಲಿನ ಕಂಬಿಯ ಹಿಡಿಕೆಯನ್ನೂ ತನ್ನ ಲೆಕ್ಕದಲ್ಲೇ ಹಾಕಿಸಿದ. ಪೂವಕ್ಕ ಬಂದು ನೋಡಿದರೆ ಖುಷಿಪಟ್ಟಾರು ಎಂದು ಒಳಗೊಳಗೇ ಹಿಗ್ಗುತ್ತಿದ್ದ, ಪಾಪ.

ಗೃಹಪ್ರವೇಶದ ಒಕ್ಕಲಿಗೆ ಇನ್ನು ಎಂಟು ದಿನ ಇರುವಾಗ ಪೂವಮ್ಮನನ್ನು ಕಾರಿನಲ್ಲಿ ಕರೆತಂದರು. ಹಿಂದಿನ ಡಿಕ್ಕಿಯಿಂದ ಮಡಚಿದ ಗಾಲಿಕುರ್ಚಿ ಹೊರಬಂದದ್ದು ನೋಡಿ ಕುಶಾಲಪ್ಪ ತನ್ನ ಮೆಟ್ಟಿಲುಗಳತ್ತ ತಿರುಗಿದ. ಪೂವಮ್ಮ ಕುರ್ಚಿಯ ಚಕ್ರಕ್ಕೆ ಎರಡೂ ಕೈ ಹಾಕಿ, ಮೂವತ್ತು ವರ್ಷ ರಬ್ಬರ್ ಟ್ಯಾಪಿಂಗ್ ಮಾಡಿ ಗಟ್ಟಿಯಾದ ಕೈಗಳು ಅವು, ಸರಸರನೆ ಅಂಗಳ ದಾಟಿ ಮೆಟ್ಟಿಲ ಬುಡದಲ್ಲಿ ನಿಂತರು. ಆ ಚಂದದ ನಾಲ್ಕು ಮೆಟ್ಟಿಲುಗಳ ಬುಡದಲ್ಲಿ.

ಇಬ್ಬರು ಸೇರಿ ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ಪೂವಮ್ಮ ಬೇರೇನನ್ನೂ ನೋಡದೆ ನೇರ ಬಚ್ಚಲಿನತ್ತ ಹೋದರು. ಚಕ್ರ ದಾರಂದಕ್ಕೆ ಬಡಿದು ನಿಂತಿತು. ಹಿಂದೆ ಹೋಗಿ ಮತ್ತೆ ಬಂದರು, ಮತ್ತೆ ಬಡಿಯಿತು.

"ಕುಶಾಲಪ್ಪ, ಮನೆ ಚಂದ ಆಗಿದೆ" ಎಂದರು ಪೂವಮ್ಮ, ತಲೆ ಎತ್ತದೆ. "ಆದ್ರೆ ನಂಗೆ ಇದೊಂದು ಆಗ್ಬೇಕಿತ್ತು. ಒಬ್ಬಳೇ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳುವ ಹಾಗೆ. ಮಗಳ ಮನೆಯಲ್ಲೂ ಅವಳೇ ಎತ್ತುದು. ಇಲ್ಲಿ ಇನ್ನು ಗಂಡುಮಗ ಎತ್ತಬೇಕು. ನನಗೆ ನಾಚಿಕೆ ಆಗ್ತದೆ ಮಾರಾಯ."

ಕುಶಾಲಪ್ಪ ದಾರಂದವನ್ನು ಗೇಣಿನಲ್ಲಿ ಅಳೆಯತೊಡಗಿದ. ಮಾತಾಡಿದ್ದು ಹರಿಪ್ರಸಾದರು, ಅದೂ ಹೆಂಚು ಹಾರಿ ಹೋಗುವ ಹಾಗೆ. "ಎಂತ ಮೇಸ್ತ್ರಿಗಳೇ, ಶೈಲೇಶರ ಮನೆಯಲ್ಲಿ ಮೆಟ್ಟಿಲು ಉಂಟಾ? ಬಚ್ಚಲಿನ ಬಾಗಿಲು ಇಷ್ಟು ಸಪೂರ ಉಂಟಾ? ಎರಡು ಕಲ್ಲು ಉಳಿಸ್ಲಿಕ್ಕೆ ನನ್ನ ಅಮ್ಮನ ಹೊಟ್ಟೆ ಉರಿಸಿದ್ರಲ್ಲ! ಸುಳ್ಳುಗಾರ ನೀವು!"

ಬಡಗಿ, ಪೈಂಟರ್, ನೆರೆಯವರು, ಎಲ್ಲರೂ ಕೇಳಿದರು. ಇಪ್ಪತ್ತೇಳು ವರ್ಷದಲ್ಲಿ ಆ ಶಬ್ದ ಅವನ ಮುಖದ ಮೇಲೆ ಬಿದ್ದದ್ದು ಅದೇ ಮೊದಲು. ಅವನು ಬೈಕು ಹತ್ತಿ ಅದೇ ಕಾಲಿಗೆ ಕಬಕಕ್ಕೆ ಹೋದ.

ಹೋಗಿ ನೋಡಿದರೆ ಮೆಟ್ಟಿಲೇ ಇಲ್ಲ! ತಾನೇ ಕೈಯಾರೆ ಕಟ್ಟಿದ ಮೂರು ಮೆಟ್ಟಿಲಿನ ಜಾಗದಲ್ಲಿ ಉದ್ದಕ್ಕೆ ಸಿಮೆಂಟಿನ ಇಳಿಜಾರು. ಕುಶಾಲಪ್ಪನಿಗೆ ತನ್ನ ತಲೆ ಕೆಟ್ಟಿತೇನೋ ಎಂದು ನಿಜವಾಗಿಯೂ ಹೆದರಿಕೆಯಾಯಿತು. ಶೈಲೇಶರು ಹೊರಗೆ ಬಂದವರು ಸಲೀಸಾಗಿ ಹೇಳಿದರು: "ಓ ಅದಾ? ಅಪ್ಪನಿಗೆ ಬೇಕಾಗಿ ಮತ್ತೆ ಮಾಡಿಸಿದ್ದು ಮಾರಾಯ್ರೆ. ಬಚ್ಚಲಿನ ಬಾಗಿಲೂ ಒಡೆಸಿ ದೊಡ್ಡದು ಮಾಡಿದೆವು. ನೀವು ಬೇರೆ ಕೆಲಸದಲ್ಲಿ ಇದ್ರಿ, ವಿಟ್ಲದವರೊಬ್ಬರು ಮಾಡಿ ಕೊಟ್ರು. ಅದಾದ ಮೇಲೆಯೇ ಹರಿಪ್ರಸಾದ್ ಬಂದು ನೋಡಿದ್ದು."

ದೇವರು ಬದುಕಿಸಿದ ಎಂದುಕೊಂಡು ಕುಶಾಲಪ್ಪ ಓಡಿ ಬಂದು ಇದನ್ನೆಲ್ಲ ಹೇಳಿದರೆ, ಹರಿಪ್ರಸಾದರು ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಕಾಗದದಲ್ಲಿ ಶೈಲೇಶರ ಮನೆ ಅಂತ ಬರೆದದ್ದಾ, ನೀವು ಕಟ್ಟುವಾಗ ಇದ್ದ ಶೈಲೇಶರ ಮನೆ ಅಂತ ಬರೆದದ್ದಾ?"

"ಅಲ್ಲ ಪ್ರಸಾದ್, ಕುರ್ಚಿಯ ವಿಷಯ ಒಂದು ಮಾತು ಹೇಳಿದ್ರೆ..."

"ಹೇಳ್ಲಿಕ್ಕೆ ಎಂತ ಉಂಟು? ನೋಡಿ ಕಟ್ಟಿ ಅಂತ ಹೇಳಿದ್ದು. ನೋಡಿದ್ರಾ ನೀವು?"

ನೋಡಿರಲಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ದೊಡ್ಡ ಕಷ್ಟ. ಒಬ್ಬ ಸುಳ್ಳನಾಗಿದ್ದರೆ ಊರವರು ಸೇರಿ ಕಿವಿ ಹಿಂಡಿ ಸರಿಮಾಡುತ್ತಿದ್ದರು.

ಒಕ್ಕಲು ನಿಂತಿತು. ಹಿರಿಯರು ಎರಡು ಸಲ ಕೂತು ಚಹಾ ಕುಡಿದು ಎದ್ದರು. ಆಮೇಲೆ ಪುತ್ತೂರಿನಿಂದ ವಕೀಲರ ನೋಟೀಸು ಬಂತು, ಅದಕ್ಕೆ ಉತ್ತರ ಕೊಡಲು ಕುಶಾಲಪ್ಪನೂ ಒಬ್ಬ ವಕೀಲರನ್ನು ಹಿಡಿದ, ಮಾತು ಕೋರ್ಟು ಹತ್ತಿತು. ಎರಡೂ ಕಡೆಯ ವಕೀಲರು ಬೇರೆ ಯಾವುದರಲ್ಲೂ ಒಪ್ಪದವರು ಒಂದರಲ್ಲಿ ಒಪ್ಪಿದರು: ಗೋಡೆಯನ್ನು ಯಾರೂ ಮುಟ್ಟಬಾರದು, ಅದು ಸಾಕ್ಷಿ. ನೋಡಿ ಇವರ ಬುದ್ಧಿಯನ್ನು! ಒಂದು ಬಚ್ಚಲಿನ ಗೋಡೆ ಸಾಕ್ಷಿಯಾಗಿ ನಿಂತಿತು, ಪೂವಮ್ಮ ಅದರ ಎದುರು ಕುರ್ಚಿಯಲ್ಲಿ ಕೂತರು. ಹರಿಪ್ರಸಾದರು ಅಲ್ಲಿಯವರೆಗೆ ಇದ್ದ ಕಾಣಿಯೂರಿನ ಬಾಡಿಗೆ ಕೋಣೆ ಬಿಟ್ಟಾಗಿತ್ತು. ಮಗಳ ಮನೆಗೆ ಮರಳಲು ಪೂವಮ್ಮ ಒಪ್ಪಲಿಲ್ಲ, ಬೇರೆ ಜಾಗವಿಲ್ಲದೆ ಒಕ್ಕಲಾಗದ ಮನೆಯಲ್ಲೇ ತಾಯಿ ಮಗ ಉಳಿದರು. ಹರಿಪ್ರಸಾದರು ಅಂಗಡಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ತಾಯಿಯನ್ನು ಎತ್ತಿ ಒಳಗೆ ಕೂರಿಸುತ್ತಿದ್ದರು. ನಡುವೆ ಬೇಕಾದೀತೆಂದು ಪೂವಮ್ಮ ಹಗಲಿಡೀ ನೀರು ಕುಡಿಯುವುದನ್ನೇ ಬಿಟ್ಟರು, ಊಟವನ್ನೂ ಅರ್ಧಕ್ಕೆ ಇಳಿಸಿದರು. ಈ ಸುದ್ದಿ ಕಿವಿಗೆ ಬಿದ್ದ ದಿನ ಕುಶಾಲಪ್ಪ ಊಟದ ಬಟ್ಟಲು ಸರಿಸಿ ಎದ್ದ.

ಸುತ್ತಿಗೆ, ಚಾಣ ಹಿಡಿದುಕೊಂಡು ಹೋದ. "ನನ್ನದೇ ಖರ್ಚು, ನಾನೇ ಒಡೆದು ಕೊಡ್ತೇನೆ. ಕೇಸು ಬೇಕಾದ್ರೆ ಆ ಮೇಲೆ ಮಾಡುವ" ಎಂದು ಗೇಟಿನಲ್ಲಿ ಕೈಮುಗಿದ. ಹರಿಪ್ರಸಾದರು ಮೊಬೈಲ್ ಎತ್ತಿ ವೀಡಿಯೊ ಮಾಡತೊಡಗಿದರು. "ಸಾಕ್ಷಿ ಒಡೀಲಿಕ್ಕೆ ಬಂದದ್ದಲ್ವಾ? ಒಳಗೆ ಕಾಲಿಟ್ಟರೆ ಪೊಲೀಸರನ್ನು ಕರೀತೇನೆ." ಕುಶಾಲಪ್ಪ ಹಿಂದೆ ಬಂದ. ತನ್ನ ವಕೀಲರಿಂದಲೂ ಆ ಸಂಜೆ ಫೋನಿನಲ್ಲಿ ಸರಿಯಾಗಿ ಬೈಸಿಕೊಂಡ. ಹೊಸ ಕೆಲಸಕ್ಕೆ ಯಾರೂ ಕರೆಯುತ್ತಿರಲಿಲ್ಲ. ಬಸ್ಸಿನಲ್ಲಿ ಈಗ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಕಣ್ಣುಮುಚ್ಚಿ ಕೂರುತ್ತಿದ್ದ.

ಹೀಗೆ ಒಂದು ವರ್ಷ ದಾಟಿತು. ತನ್ನ ಕಡೆಗೆ ಏನಾದರೊಂದು ತುಂಡು ಕಾಗದ ಸಿಕ್ಕೀತೇ ಎಂಬ ಆಸೆಯಲ್ಲಿ ಕುಶಾಲಪ್ಪ ಪಂಚಾಯತಿಯಿಂದ ಹರಿಪ್ರಸಾದರ ಲೈಸನ್ಸ್ ಪ್ಲಾನಿನ ನಕಲು ತೆಗೆಸಿ ಪುತ್ತೂರಿಗೆ ಒಯ್ದ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ದೀಪ್ತಿ ಎಂಬ ಹುಡುಗಿ, ಹುಡುಗಿ ಎಂದರೆ ಮೂವತ್ತು ದಾಟಿದವಳೇ, ಮನೆಯ ನಕ್ಷೆ ಮಾಡಿಕೊಡುತ್ತಾಳೆ. ಹಿಂದೆ ಅವಳು ಎರಡು ಸಲ ಕುಶಾಲಪ್ಪನಿಗೆ ಪೂರ್ತಿ ನಕ್ಷೆ ಮಾಡಿಸಿ ಎಂದು ಹೇಳಿದ್ದಳು, ಇವನು ನಕ್ಕು ಹೋಗಿದ್ದ.

ದೀಪ್ತಿ ನಕಲನ್ನು ಮೇಜಿನ ಮೇಲೆ ಹರಡಿ ನೋಡಿದಳು. "ಮೇಸ್ತ್ರಿಯಣ್ಣ, ಇದು ನೀವು ಹೇಳಿದ ಆ ಮನೆಯೇ ಅಲ್ಲ. ಇದರಲ್ಲಿ ಬಚ್ಚಲು ಇರುದು ಹಿಂದಿನ ಜಗಲಿಯಲ್ಲಿ. ಲೈಸನ್ಸಿಗೆ ಬೇಕಾಗಿ ಯಾರೋ ಬೇರೆ ಮನೆಯದ್ದು ಹೆಸರು ಬದಲಿಸಿ ಕೊಟ್ಟಿದ್ದಾರೆ."

"ಹಾಗಾದ್ರೆ ನನ್ನ ಕಡೆಗೆ ಎಂತದೂ ಇಲ್ಲ?"

"ಯಾರ ಕಡೆಗೂ ಇಲ್ಲ."

ಅಷ್ಟು ದೊಡ್ಡ ಗಂಡಸು, ಅವಳ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. "ನನಗೆ ಗೆಲ್ಲುದು ಬೇಡಮ್ಮ. ಆ ಪೂವಕ್ಕನಿಗೆ ಒಂದು ಬಾಗಿಲು ಆಗ್ಬೇಕು."

ದೀಪ್ತಿ ಅವನಿಗೆ ನೀರು ಕೊಟ್ಟು, ಅವನ ಎದುರಿಗೇ ಹರಿಪ್ರಸಾದರಿಗೆ ಫೋನ್ ಹಚ್ಚಿದಳು. ಕೇಸಿನ ಹೆಸರೆತ್ತಲಿಲ್ಲ. ಪೂವಮ್ಮನ ಬಚ್ಚಲಿಗೆ ನಕ್ಷೆ ಮಾಡುತ್ತಿದ್ದೇನೆ, ಕುರ್ಚಿಯ ಅಳತೆ ಹಿಡಿದು ನಾಳೆ ಬನ್ನಿ ಎಂದಳು. ಆಶ್ಚರ್ಯವೆಂದರೆ, ಮನುಷ್ಯ ಬಂದರು. ಕುಶಾಲಪ್ಪನನ್ನು ಕಂಡು ಬಾಗಿಲಲ್ಲೇ ತಿರುಗಿ ಹೋಗಲಿದ್ದವರನ್ನು ದೀಪ್ತಿ ಪ್ರಶ್ನೆ ಕೇಳಿಯೇ ಹಿಡಿದಳು. "ಕುರ್ಚಿ ಎಷ್ಟು ಅಗಲ?"

"ಇಪ್ಪತ್ತಾರು ಇಂಚು."

ಅವಳು ಬರೆದುಕೊಂಡಳು. "ಹಾಗಾದ್ರೆ ದಾರಂದದ ಒಳಗೆ ಖಾಲಿ ಜಾಗ ಮೂರಡಿ ಬೇಕು. ಬಾಗಿಲು ಹೊರಗೆ ತೆರೀಬೇಕು, ಇಲ್ಲಾಂದ್ರೆ ಒಳಗೆ ಹೋದ ಮೇಲೆ ಹಾಕ್ಲಿಕ್ಕೆ ಆಗುದಿಲ್ಲ. ಅಂಗಳದಿಂದ ಇಪ್ಪತ್ತೊಂದು ಇಂಚು ಏರ್ಲಿಕ್ಕೆ ಇಪ್ಪತ್ತೊಂದು ಅಡಿ ಉದ್ದದ ಇಳಿಜಾರು. ಅಮ್ಮ ಕುರ್ಚಿಯಿಂದ ತಾನಾಗಿ ಆಚೆ ಸರೀತಾರಾ? ಹಿಡಿಕೆ ಬಲಗಡೆಗಾ ಎಡಗಡೆಗಾ? ಇನ್ನು ಮುಂದೆ ಯಾವಾಗಲಾದ್ರೂ ನಡೀತಾರೆ ಅಂತ ಡಾಕ್ಟ್ರು ಹೇಳಿದ್ದಾರಾ, ಇಲ್ವಾ?"

ಹರಿಪ್ರಸಾದರು ಅಳತೆ ಬರೆದು ತಂದಿದ್ದ ಚೀಟಿಯನ್ನು ಮಡಚಿದರು, ಬಿಡಿಸಿದರು. ಅವಳು ಪೆನ್ಸಿಲ್ ಹಿಡಿದು ಕಾದಳು.

"ಇಲ್ಲ" ಎಂದರು ಕೊನೆಗೆ. "ನಡೆಯುದಿಲ್ಲ ಅಂತ ಮೊದಲೇ ಹೇಳಿದ್ದಾರೆ. ನಾನು ಯಾರಿಗೂ ಹೇಳ್ಲಿಲ್ಲ. ಮೇಸ್ತ್ರಿಯವರಿಗೂ ಹೇಳ್ಲಿಲ್ಲ. ಬಾಯಿಬಿಟ್ಟು ಹೇಳಿದ್ರೆ ಅಮ್ಮ ಹಾಗೆಯೇ ಉಳಿದುಬಿಡ್ತಾರೆ ಅಂತ ಹೆದರಿಕೆ. ಶೈಲೇಶರ ಮನೆಯಲ್ಲಿ ಎಲ್ಲ ಉಂಟಲ್ಲ, ಅದರ ಹಾಗೆ ಅಂದ್ರೆ ನಾನು ಹೇಳದೆಯೇ ಆಗಿಬಿಡ್ತದೆ ಅಂತ..." ಅವರು ಮುಖ ತಿರುಗಿಸಿದರು.

ಕುಶಾಲಪ್ಪನಿಗೆ ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಎರಡನ್ನೂ ಮಾಡದೆ, "ಬರಿ ಅಮ್ಮ, ಎಲ್ಲ ಬರಿ. ಒಂದು ಇಂಚೂ ಬಿಡ್ಬೇಡ" ಎಂದ.

ದೀಪ್ತಿ ಬರೆದಳು. ಮೂರು ಹಾಳೆ ನಕ್ಷೆ, ನಾಲ್ಕು ಪುಟ ಕರಾರು. ಯಾವ ಗೋಡೆ ಎಲ್ಲಿಂದ ಎಲ್ಲಿಯವರೆಗೆ ಒಡೆಯುವುದು, ಮೇಲಿನ ಲಿಂಟಲಿಗೆ ಆಧಾರ ಹೇಗೆ, ಬೋಲ್ಟು ಕೂತವರ ಕೈಗೆ ಸಿಗಲು ಎಷ್ಟು ಎತ್ತರದಲ್ಲಿ, ಯಾವುದರ ಖರ್ಚು ಯಾರದ್ದು, ನಡುವೆ ಏನಾದರೂ ಬದಲಾದರೆ ಅದೇ ದಿನ ಹಾಳೆಯ ಮೇಲೆ ಬರೆದು ಇಬ್ಬರ ಸಹಿ. ಬಚ್ಚಲಿನ ಚಿತ್ರದೊಳಗೆ ಕುರ್ಚಿ ತಿರುಗುವ ಜಾಗಕ್ಕೆ ಒಂದು ವೃತ್ತವನ್ನೂ ಎಳೆದಳು. ಅಷ್ಟೂ ಮಾಡಲು ಅವಳಿಗೆ ಬೇಕಾದದ್ದು ಎರಡು ದಿನ. ಎರಡೇ ದಿನ! ವಕೀಲರಿಗೆ ಹೇಳಿ ಕೇಸು ಹಿಂದೆ ತೆಗೆಯಲು ಆರು ವಾರ ಹಿಡಿಯಿತು.

ಕೆಲಸ ಹದಿಮೂರು ದಿನದಲ್ಲಿ ಮುಗಿಯಿತು. ಕುಶಾಲಪ್ಪ ಪ್ರತಿ ಸಂಜೆ ಹಾಳೆ ಬಿಡಿಸಿ ಟೇಪು ಹಿಡಿದು ಅಳೆದ, ಹರಿಪ್ರಸಾದರು ಪಕ್ಕದಲ್ಲಿ ನಿಂತು ಗುರುತು ಹಾಕಿದರು. ಒಂದು ನೂಲು ವ್ಯತ್ಯಾಸ ಬರಲಿಲ್ಲ, ಒಂದು ಮಾತಿನ ಜಗಳ ಬರಲಿಲ್ಲ.

ಸಿಮೆಂಟು ಸರಿಯಾಗಿ ಗಟ್ಟಿಯಾದ ಮೇಲೆ, ಒಂದು ಬೆಳಿಗ್ಗೆ, ಪೂವಮ್ಮನನ್ನು ಅಂಗಳಕ್ಕೆ ಇಳಿಸಿದರು. ಅವರೇ ಏರಿ ಒಳಗೆ ಹೋಗಬೇಕು, ಯಾರೂ ಮುಟ್ಟಬಾರದು ಎಂದು ಅವರದೇ ಅಪ್ಪಣೆ. ಕುಶಾಲಪ್ಪ ಇಳಿಜಾರಿನ ಬದಿಯಲ್ಲಿ ಕೈಕಟ್ಟಿ ನಿಂತ. ಪೂವಮ್ಮ ಚಕ್ರಕ್ಕೆ ಕೈ ಹಾಕಿದರು. ಎರಡಡಿ ಏರಿತು. ಮೂರಡಿ. ಅಲ್ಲಿಗೆ ಕೈಗಳು ನಡುಗತೊಡಗಿದವು. ಹದಿನಾಲ್ಕು ತಿಂಗಳು ಅರೆ ಊಟ, ಅರೆ ನೀರಿನಲ್ಲಿ ಕೂತ ಜೀವ, ತೋಳು ಕೋಲಿನ ಹಾಗಾಗಿತ್ತು. ದಿನಾ ನೋಡುತ್ತಿದ್ದ ಮಗನಿಗೆ ಗೊತ್ತಾಗಿರಲಿಲ್ಲ. ಅವರು ಹಲ್ಲು ಕಚ್ಚಿ ಇನ್ನೊಮ್ಮೆ ನೂಕಿದರು. ಕುರ್ಚಿ ಮೇಲೇರಲಿಲ್ಲ, ಮೆಲ್ಲನೆ ಹಿಂದಕ್ಕೆ ಜಾರಿತು.

ಇಬ್ಬರೂ ಓಡಿ ಬಂದು ಹಿಂದಿನಿಂದ ಹಿಡಿದರು, ಒಂದು ಹಿಡಿಯನ್ನು ಹರಿಪ್ರಸಾದರು, ಇನ್ನೊಂದನ್ನು ಕುಶಾಲಪ್ಪ.

"ಸರಿಯಾಗಿ ಮಾಡಿದ್ದಿ ಕುಶಾಲಪ್ಪ" ಎಂದರು ಪೂವಮ್ಮ ಏದುಸಿರು ಬಿಡುತ್ತ. "ನಿನ್ನ ಕೆಲಸದಲ್ಲಿ ತಪ್ಪು ಇಲ್ಲ. ಹೋದ ವರ್ಷ ಆಗಿದ್ರೆ ನಾನು ಏರ್ತಿದ್ದೆ."

ಇಬ್ಬರೂ ತಲೆ ತಗ್ಗಿಸಿ ನೂಕಿದರು. ಅಗಲದ ಬಾಗಿಲು ದಾಟಿ ಕುರ್ಚಿ ಬಚ್ಚಲಿನೊಳಗೆ ಸಲೀಸಾಗಿ ಹೋಯಿತು. ಕುಶಾಲಪ್ಪ ಹೊರಗೆ ಬಂದ. ಹರಿಪ್ರಸಾದರು ತಾಯಿಯನ್ನು ಎತ್ತಲು ಒಳಗೇ ಉಳಿದರು.